ಕೆರಿಯಮ್ಮನ ಎಡ ಹೆಬ್ಬೆಟ್ಟು

ಕೆರಿಯಮ್ಮ ಎಡಗೈ ಹೆಬ್ಬೆಟ್ಟನ್ನು ಮಸಿಗೆ ಒತ್ತಿ, ಕಾಗದಕ್ಕೆ ಊರಿ, ಎತ್ತಿದಳು. ಬಿದ್ದದ್ದು ಒಂದು ಕಪ್ಪು ಬೊಟ್ಟು. ಗೆರೆ ಇಲ್ಲ, ಸುಳಿ ಇಲ್ಲ. ನೇರಳೆ ಹಣ್ಣನ್ನು ಜಜ್ಜಿ ಇಟ್ಟಂತಿತ್ತು. ಒರೆಸಿ ಇನ್ನೊಮ್ಮೆ ಒತ್ತಿಸಿದೆ, ಮಸಿ ಕಡಿಮೆ ಮಾಡಿ ಮತ್ತೊಮ್ಮೆ ಒತ್ತಿಸಿದೆ. ನೇರಳೆ ತೆಳುವಾಯಿತೇ ಹೊರತು ಗೆರೆ ಮೂಡಲಿಲ್ಲ.

ಅರವತ್ತಾರನೆಯ ಇಸವಿ. ನಾನಾಗ ನೋಂದಣಿ ಕಚೇರಿಯೊಂದರ ಜಗುಲಿಯಲ್ಲಿ ಕೂತು ದಸ್ತಾವೇಜು ಬರೆಯುತ್ತಿದ್ದೆ. ಬಿ.ಎ. ಪದವಿ ಬಂದಿತ್ತು, ಕೂರುವ ಪದವಿ ಸಿಕ್ಕಿರಲಿಲ್ಲ. ಕೆರಿಯಮ್ಮ ಹುಲಿಕಲ್ ಕಡೆಯ ಹಳ್ಳಿಯವಳು, ಅರವತ್ತರ ಹತ್ತಿರದ ವಿಧವೆ. ಮಕ್ಕಳಿಲ್ಲದ್ದರಿಂದ ತಂಗಿ ಕನ್ನಮ್ಮನ ಮಗಳು ಹೂವಮ್ಮನನ್ನು ಚಿಕ್ಕಂದಿನಿಂದ ಸಾಕಿಕೊಂಡಿದ್ದಳು. ತನ್ನ ಪಾಲಿನ ಗದ್ದೆಯನ್ನು ಆ ಹೂವಮ್ಮನಿಗೆ ದಾನಪತ್ರ ಮಾಡಿಕೊಡಲು ಬಂದಿದ್ದಳು. ಪತ್ರವಾಗದೆ ಅವಳು ಕಣ್ಣು ಮುಚ್ಚಿದರೆ ಗದ್ದೆ ಗಂಡನ ತಮ್ಮ ಶೇಷಪ್ಪನಿಗೆ ಹೋಗುತ್ತಿತ್ತು, ಹೂವಮ್ಮ ಕಂಡವರ ಮನೆಯ ಕೂಲಿಗೆ ಹೋಗಬೇಕಾಗುತ್ತಿತ್ತು.

ಆ ಶೇಷಪ್ಪ ಯಾರೂ ಕರೆಯದೆ ಬಂದು ಕಚೇರಿಯ ಒಳಗೆ ನಿಂತಿದ್ದ.

ಸಬ್ ರಿಜಿಸ್ಟ್ರಾರ್ ಮಂಜುನಾಥಪ್ಪನವರಿಗೆ ಸಂಶಯಪಡುವುದೇ ಸಂಬಳದ ಕೆಲಸ. ಸ್ಟಾಂಪ್ ಕಾಗದವನ್ನು ಬೆಳಕಿಗೆ ಹಿಡಿದು ನೋಡುವರು, ಸಾಕ್ಷಿಯ ಮುಖವನ್ನೂ ಹಾಗೆಯೇ ಬೆಳಕಿಗೆ ತಿರುಗಿಸಿ ನೋಡುವರು. ಮೂಗಿನಿಂದ ಹೊರಡುವ ಅವರ ‘ಹ್ಞೂಂ’ ನನಗೂ ಚೆನ್ನಾಗಿ ಬರುತ್ತಿತ್ತು. ಜಗುಲಿಯಲ್ಲಿ ನಾನದನ್ನು ತೆಗೆದರೆ ಒಳಗೆ ತೂಕಡಿಸುವ ಜವಾನ ಭೂತಪ್ಪ ಎದ್ದು ನಿಲ್ಲುತ್ತಿದ್ದ. ಸಾಹೇಬರು ಕೆರಿಯಮ್ಮನ ಬೊಟ್ಟನ್ನು ಭೂತಗನ್ನಡಿಯಲ್ಲಿ ನೋಡಿ ಅಸಲಿ ‘ಹ್ಞೂಂ’ ತೆಗೆದರು. ಹೆಬ್ಬೆಟ್ಟನ್ನು ಕಲ್ಲಿಗೆ ಉಜ್ಜಿಕೊಂಡು ಬಂದಿದ್ದೀಯಾ ಎಂದು ಕೇಳಿದರು.

ಶೇಷಪ್ಪ ಸೊಂಟ ಬಗ್ಗಿಸಿ, ಬಹಳ ವಿನಯದಿಂದ ವಿಷ ಹಿಂಡಿದ. ಅಕ್ಕ ತಂಗಿ ಇಬ್ಬರೂ ಒಂದೇ ಅಚ್ಚಿನವರು. ಮೂರು ವರ್ಷದ ಹಿಂದೆ ತೀರ್ಥಹಳ್ಳಿಯಲ್ಲಿ ಸತ್ತದ್ದು ಕನ್ನಮ್ಮ ಅನ್ನುತ್ತಾರೆ, ತಾನು ಹೆಣ ನೋಡಿಲ್ಲ. ಅತ್ತಿಗೆಗೂ ತನಗೂ ಮಾತು ಬಿಟ್ಟು ವರ್ಷಗಳಾದವು, ಮುಖ ನೋಡಿ ಖಂಡಿತ ಹೇಳಲಾರೆ. ಇಪ್ಪತ್ತೈದು ವರ್ಷದ ಹಿಂದೆ ಇದೇ ಕಚೇರಿಯಲ್ಲಿ ತನಗೂ ಅತ್ತಿಗೆಗೂ ಪಾಲುಪತ್ರವಾಗಿದೆ. ಹಳೆಯ ಪುಸ್ತಕದಲ್ಲಿ ಅವಳ ಹೆಬ್ಬೆಟ್ಟಿದೆ. ಹೋಲಿಸಿ ನೋಡಿ, ತಾಳೆಯಾದರೆ ತನ್ನದೇನೂ ತಕರಾರಿಲ್ಲ. ಇಷ್ಟು ಹೇಳಿ ಕೈ ಮುಗಿದ.

ಹೋಲಿಸಲು ಗೆರೆ ಬೇಕಲ್ಲ. ಸಾಹೇಬರು ಒಂದು ತಿಂಗಳ ವಾಯಿದೆ ಕೊಟ್ಟರು. ಗೆರೆ ಬಂದರೆ ನೋಂದಣಿ, ಇಲ್ಲದಿದ್ದರೆ ಪತ್ರ ವಾಪಸು.

ಜಗುಲಿಗೆ ಬಂದು ಕೆರಿಯಮ್ಮ ನನ್ನ ಪೆಟ್ಟಿಗೆಯ ಪಕ್ಕ ಕೂತಳು. ಅಳುತ್ತಾಳೆ ಅಂದುಕೊಂಡೆ. ಅವಳು ಹೆಬ್ಬೆಟ್ಟನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದಳು.

“ರೈಟ್ರೇ, ವಯಸ್ಸಾದ ಹಾಗೆ ಈ ಗೆರೆ ಬದ್ಲಾಗ್ತದಾ?”

ಬದಲಾಗುವುದಿಲ್ಲ ಎಂದೆ. ಹುಟ್ಟುವಾಗ ಬಂದದ್ದೇ ಸಾಯುವವರೆಗೆ. ಮುದಿ ಚರ್ಮ ತೆಳುವಾಗಿ ಸವೆಯುತ್ತದೆ. ಅದನ್ನು ನೋಡಿಕೊಂಡರೆ ಅದೇ ಗೆರೆ ತಿರುಗಿ ಏಳುತ್ತದೆ.

“ಅಕ್ಕ ತಂಗೀದು ಒಂದೇ ಥರ ಇರ್ತದಾ?”

ಅವಳಿಗಳದ್ದೂ ಇರುವುದಿಲ್ಲ ಎಂದೆ.

ಅವಳು ಸಣ್ಣಗೆ ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ. ಕೆರಿಯಮ್ಮನೇ ಆಗಿರುವ ಕೆರಿಯಮ್ಮನಿಗೆ ಈ ಪ್ರಶ್ನೆ ಯಾಕೆ? ಅಲ್ಲಿಯವರೆಗೆ ಶೇಷಪ್ಪನ ಮೇಲಿದ್ದ ನನ್ನ ಅನುಮಾನ ಎದ್ದು ಬಂದು ಇವಳ ಪಕ್ಕ ಕೂತಿತು. ದಾನಪತ್ರದ ಒಕ್ಕಣೆ ನನ್ನದು. ಸುಳ್ಳು ಹೆಂಗಸಿಗೆ ಪತ್ರ ಬರೆದೆನೆಂದಾದರೆ ಜಗುಲಿಯೂ ಹೋಗುತ್ತಿತ್ತು.

ಆದರೂ ಔಷಧ ಹೇಳಿದೆ. ಸಾಗರದ ಅಂಗಡಿಯಲ್ಲಿ ವ್ಯಾಸಲೀನ್ ಡಬ್ಬಿ ಸಿಗುತ್ತದೆ ಎಂದರೆ ಅವಳಿಗೆ ಬೇಡ. ಹಿಮ್ಮಡಿ ಒಡೆದರೆ ಹಚ್ಚುವ ಮುರುಗಲು ಬೀಜದ ತುಪ್ಪ ಮನೆಯಲ್ಲೇ ಇದೆಯಂತೆ. ಹೆಬ್ಬೆಟ್ಟು ಸವೆದದ್ದು ಹೇಗೆಂದು ಅವಳಿಗೇ ಚೆನ್ನಾಗಿ ಗೊತ್ತಿತ್ತು. ಅವಳು ಎಡಚಿ. ನಲವತ್ತು ವರ್ಷ ಬೂದಿ ಹಾಕಿ ಪಾತ್ರೆ ತಿಕ್ಕಿದ್ದು, ಅಡಿಕೆ ಸುಲಿದದ್ದು, ಎಲೆಗೆ ಸುಣ್ಣ ಸವರಿದ್ದು ಎಲ್ಲ ಆ ಒಂದೇ ಹೆಬ್ಬೆಟ್ಟಿನಿಂದ. ಇನ್ನು ಒಂದು ತಿಂಗಳು ಅದು ಜಮೀನ್ದಾರನ ಹಾಗೆ ಸುಮ್ಮನೆ ಕೂರಬೇಕು ಎಂದೆ. ಕೂರಿಸುತ್ತೇನೆ ಎಂದಳು.

ಕೂರಿಸಿಯೇ ಬಿಟ್ಟಳು. ವಾರಕ್ಕೊಮ್ಮೆ ಸಂತೆಗೆ ಬಂದಾಗ ನನ್ನ ಮುಂದೆ ಹೆಬ್ಬೆಟ್ಟಿನ ಬಟ್ಟೆ ಬಿಚ್ಚುತ್ತಿದ್ದಳು. ಬೆಳಿಗ್ಗೆ ಬೆಚ್ಚಗಿನ ಗಂಜಿತಿಳಿಯಲ್ಲಿ ಅದ್ದಿಡುವುದು, ಒತ್ತಿ ಒರೆಸದೆ ತಟ್ಟಿ ಒಣಗಿಸುವುದು, ತುಪ್ಪದ ಗಟ್ಟಿಯನ್ನು ಅಂಗೈಯ ಬಿಸಿಗೆ ಕರಗಿಸಿ ಹಚ್ಚುವುದು, ಹಳೆಯ ಸೀರೆಯ ಮೆತ್ತನೆ ಚಿಂದಿ ಸುತ್ತುವುದು. ಎರಡನೆಯ ವಾರ ಸುಲಿದ ಚರ್ಮ ಉದುರಿ ಒಳಗಿನಿಂದ ತೆಳು ಗುಲಾಬಿ ಬಣ್ಣ ಕಂಡಿತು. ಉಳಿದ ಒಂಬತ್ತು ಬೆರಳು ಅಜ್ಜಿಯವು, ಅದೊಂದು ಮೊಮ್ಮಗಳದ್ದು. ಪಾತ್ರೆಯ ಕೆಲಸವೆಲ್ಲ ಹೂವಮ್ಮನ ಮೇಲೆ ಬಿದ್ದಿತ್ತು. ಮುದುಕಿಗೆ ಈ ವಯಸ್ಸಿನಲ್ಲಿ ಎಂತ ಶೃಂಗಾರ ಎಂದು ಊರಿನಲ್ಲಿ ನಗುತ್ತಿದ್ದಾರೆ ಎಂದು ಆ ಹುಡುಗಿ ಬೇಸರದಿಂದ ಹೇಳಿದಳು.

ಮೂರನೆಯ ವಾರ ಶೇಷಪ್ಪ ಒಬ್ಬನೇ ಜಗುಲಿಗೆ ಬಂದ. ಯಾರದೋ ಸರ್ವೆ ನಂಬರಿನ ಮಾತೆತ್ತಿ, ಆಮೇಲೆ ಏನೂ ಗೊತ್ತಿಲ್ಲದವನಂತೆ ಕೇಳಿದ.

“ಅತ್ತಿಗೆ ಹೆಬ್ಬೆಟ್ಟಿಗೆ ಗೆರೆ ಬರ್ತಾ ಇದೆಯಂತೆ, ಹೌದಾ?”

ಬರುತ್ತಿದೆ ಎಂದೆ. ಅವನ ಎಲೆಯಡಿಕೆ ಬಾಯಿಯಲ್ಲೇ ನಿಂತಿತು.

ಇದು ನನಗೆ ಅರ್ಥವಾಗಲಿಲ್ಲ. ಹೋಲಿಸಿ ಎಂದು ಕೈ ಮುಗಿದವನು ಇವನೇ. ಅವಳು ಸುಳ್ಳಾಗಿದ್ದರೆ ಗೆರೆ ಬಂದಷ್ಟೂ ಇವನಿಗೆ ಲಾಭ. ಮತ್ತೆ ಗೆರೆ ಕಂಡರೆ ಇವನಿಗೆ ಯಾಕೆ ಇಳಿಬೆವರು? ಅದೇ ವಾರ ಅವನು ಅತ್ತಿಗೆಯ ಅಂಗಳಕ್ಕೆ ಎರಡು ಹೆಡಿಗೆ ಹಸಿ ಅಡಿಕೆ ಇಳಿಸಿ, ಆಳು ಸಿಗುತ್ತಿಲ್ಲ, ಸುಲಿದು ಕೊಟ್ಟರೆ ಉಪಕಾರ ಎಂದು ಹೇಳಿ ಕಳಿಸಿದನಂತೆ. ಮಾತು ಬಿಟ್ಟವರ ಮನೆಗೆ ಅಡಿಕೆ. ಕೆರಿಯಮ್ಮ ಒಂದನ್ನೂ ಮುಟ್ಟದೆ ಹಾಗೆಯೇ ವಾಪಸು ಹೊರಿಸಿದ್ದಳು. ಈಗ ನನ್ನ ಅನುಮಾನಕ್ಕೆ ಕೂರಲು ಜಾಗವೇ ಉಳಿಯಲಿಲ್ಲ. ಇಬ್ಬರ ನಡುವೆ ನಿಂತಿತು.

ವಾಯಿದೆಯ ದಿನ ಕೆರಿಯಮ್ಮ ಬೆಳಗಿನ ಬಸ್ಸಿಗೇ ಬಂದಳು. ಹೂವಮ್ಮನನ್ನು ಅಂಗಳದ ಹಲಸಿನ ಮರದ ಬುಡದಲ್ಲಿ ಕೂರಿಸಿ, ತಾನೊಬ್ಬಳೇ ಜಗುಲಿ ಹತ್ತಿದಳು. ಬಿಳಿ ಕಾಗದದ ಮೇಲೆ ಒತ್ತಿಸಿ ನೋಡಿದೆ. ಸುಳಿ ಎದ್ದು ಬಂತು: ಹೊಳೆಯ ಮಡುವಿನಲ್ಲಿ ನೀರು ತಿರುಗಿದಂತೆ, ಒಂದೊಂದು ಗೆರೆಯೂ ಬೇರೆ ಬೇರೆ. ಅಷ್ಟು ಹೊತ್ತಿಗೆ ಶೇಷಪ್ಪ ಬಂದ. ಅವನ ಕಣ್ಣು ಮೊದಲು ಕಾಗದಕ್ಕೇ ಹೋಯಿತು.

“ನೋಡಪ್ಪಾ, ಚೆನ್ನಾಗಿ ನೋಡು,” ಎಂದಳು ಕೆರಿಯಮ್ಮ. “ಒಳಗೆ ಈಗ ಹೋಲಿಸ್ತಾರೆ. ಹೋಲೋದಿಲ್ಲ. ಅದು ನಿಂಗೂ ಗೊತ್ತು.”

ಶೇಷಪ್ಪ ನನ್ನ ಕಡೆ ನೋಡಿ, ಮೆಲ್ಲಗೆ ಮಾತಾಡು ಎಂಬಂತೆ ಅವಳಿಗೆ ಕೈಸನ್ನೆ ಮಾಡಿದ.

“ರೈಟ್ರೂ ಕೇಳ್ಲಿ. ಪಾಲುಪತ್ರದ ದಿನ ನಾನು ಹೊರಗಾಗಿ ಕೊಟ್ಟಿಗೆ ಪಕ್ಕ ಕೂತಿದ್ದೆ. ನಾಲ್ಕು ದಿನ ಬಿಟ್ಟು ಹೋಗಾಣ ಅಂದ್ರೆ ನೀನು ಕೇಳ್ಲಿಲ್ಲ. ಕನ್ನಮ್ಮನ್ನ ಗಾಡಿ ಹತ್ಸಿ ಕರ್ಕೊಂಡು ಬಂದೆ. ಇವಳೇ ನಮ್ಮತ್ತಿಗೆ ಅಂತ ರುಜು ಹಾಕ್ದೆ. ಅವಳಿಗೆ ಓದಕ್ಕೆ ಬರ್ತಿತ್ತಾ? ಹಳ್ಳದ ಗದ್ದೆ ಎಲ್ಲ ನಿಂಗೆ, ಮಳೆ ನಂಬ್ಕೊಂಡಿರೋ ತುಂಡು ನಂಗೆ.”

“ಕನ್ನಮ್ಮ ಈಗ ಇಲ್ವಲ್ಲ ಅತ್ತಿಗೆ.”

“ಅವಳಿಲ್ಲ. ಅವಳ ಹೆಬ್ಬೆಟ್ಟು ಪುಸ್ತಕದಲ್ಲಿದೆ. ನಿನ್ನ ರುಜು ಅದರ ಪಕ್ಕದಲ್ಲೇ ಇದೆ.”

ಆಗ ನನಗೆ ತಿಂಗಳ ಲೆಕ್ಕವೆಲ್ಲ ಒಮ್ಮೆಲೇ ಬಿಡಿಸಿಕೊಂಡಿತು. ಸವೆದ ಹೆಬ್ಬೆಟ್ಟನ್ನು ನಂಬಿಯೇ ಶೇಷಪ್ಪ ಹೋಲಿಸಿ ಎಂದಿದ್ದ. ಬರೀ ಬೊಟ್ಟು ಬಿದ್ದರೆ ಹೌದೂ ಅಲ್ಲ, ಅಲ್ಲವೂ ಅಲ್ಲ. ಪತ್ರ ನಿಲ್ಲುತ್ತದೆ, ಮುದುಕಿ ಒಂದು ದಿನ ಸಾಯುತ್ತಾಳೆ, ಗದ್ದೆ ನಡೆದುಕೊಂಡು ಅವನ ಮನೆಗೆ ಬರುತ್ತದೆ. ಸ್ಪಷ್ಟವಾದ ಗೆರೆ ಬಿದ್ದು ಅದು ತಾಳೆಯಾಗದಿದ್ದರೆ ಮಾತ್ರ ಅಂದು ಹೆಬ್ಬೆಟ್ಟು ಒತ್ತಿದವಳು ಯಾರು ಎಂಬ ಪ್ರಶ್ನೆ ಏಳುತ್ತದೆ. ಕೆರಿಯಮ್ಮ ಒಂದು ತಿಂಗಳು ತುಪ್ಪ ಹಚ್ಚಿ ಬೆಳೆಸಿದ್ದು ಆ ಪ್ರಶ್ನೆಯನ್ನು.

ಹಾಗಾದರೆ ಏನಾಗುತ್ತದೆ ಎಂದು ಶೇಷಪ್ಪ ನನ್ನನ್ನು ಕೇಳಿದ. ಯಾವ ದೇವರು ಬುದ್ಧಿ ಕೊಟ್ಟನೋ, ನಾನು ಸಾಹೇಬರ ಮೂಗಿನಲ್ಲೇ ಉತ್ತರ ಕೊಟ್ಟೆ.

“ಹ್ಞೂಂ. ಪಾಲುಪತ್ರ ಬಿದ್ದುಹೋಗುತ್ತೆ. ಹಳ್ಳದ ಗದ್ದೆಯೂ ಸೇರಿ ಹೊಸದಾಗಿ ಸಮಪಾಲು. ಸುಳ್ಳು ಗುರುತು ಹೇಳಿದವನಿಗೆ ಜೈಲು.”

ಒಳಗೆ ಕರೆಸಿದಾಗ ಶೇಷಪ್ಪ ಎಲ್ಲರಿಗಿಂತ ಮೊದಲು ಮಾತಾಡಿದ. ಅಂದು ಕಣ್ಣು ಮಂಜಾಗಿತ್ತು, ಇವತ್ತು ಹತ್ತಿರದಿಂದ ನೋಡಿದೆ, ಈಕೆ ನಮ್ಮತ್ತಿಗೆ ಕೆರಿಯಮ್ಮನೇ, ತಕರಾರು ವಾಪಸು. ಮಂಜುನಾಥಪ್ಪನವರು ಅವನ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದರು. ಬಾಯಿಮಾತು ಬೇಡ, ಬರೆದು ಕೊಡು ಎಂದರು. ನಾನು ಬರೆದೆ, ಅವನು ರುಜು ಹಾಕಿದ. ಕೆರಿಯಮ್ಮ ದಾನಪತ್ರಕ್ಕೆ ಹೆಬ್ಬೆಟ್ಟು ಒತ್ತಿದಳು.

ಸಾಹೇಬರು ಅದನ್ನು ಭೂತಗನ್ನಡಿಯಲ್ಲಿ ನೋಡಿ, ಹತ್ತು ವರ್ಷದಲ್ಲಿ ಇಷ್ಟು ಚೆಂದದ ಹೆಬ್ಬೆಟ್ಟು ಬಿದ್ದಿಲ್ಲ ಎಂದರು. ಆಮೇಲೆ, ಭೂತಪ್ಪ ತಂದಿಟ್ಟಿದ್ದ ಹಳೆಯ ಪುಸ್ತಕದ ಮೇಲೆ ಕೈ ಇಟ್ಟರು.

“ಹೇಗೂ ತರಿಸಿದ್ದೀನಿ. ಹೋಲಿಸಲಾ?”

“ತಮ್ಮ ಚಿತ್ತ ಸ್ವಾಮಿ,” ಎಂದಳು ಕೆರಿಯಮ್ಮ. ಆದರೆ ತೆಳು ಚರ್ಮದ ಆ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಅಡಗಿಸಿಕೊಂಡಿದ್ದನ್ನು ನಾನು ಕಂಡೆ. ಪುಸ್ತಕ ತೆರೆದರೆ ಶೇಷಪ್ಪನ ಜೊತೆ ಅವಳ ಪತ್ರವೂ ಮುಳುಗುತ್ತಿತ್ತು, ದಾನ ಕೊಡುವ ಗದ್ದೆ ಅವಳದಾದದ್ದೂ ಆ ಪಾಲುಪತ್ರದಿಂದಲೇ.

“ಬ್ಯಾಡ ಸ್ವಾಮಿ,” ಎಂದ ಶೇಷಪ್ಪ. “ಬರ್ದೇ ಕೊಟ್ಟಿದ್ದೀನಲ್ಲ.”

ಸಾಹೇಬರು ಅವನನ್ನು ನೋಡಿದರು, ಅವಳನ್ನು ನೋಡಿದರು, ಕೊನೆಗೆ ಬಾಗಿಲಲ್ಲಿ ನಿಂತ ನನ್ನನ್ನೂ ನೋಡಿದರು. ಮೂವರಲ್ಲಿ ಯಾರು ಕಳ್ಳರೆಂದು ತೀರ್ಮಾನಿಸಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಆಮೇಲೆ ಶೇಷಪ್ಪನ ಹೇಳಿಕೆಯನ್ನು ಕಡತಕ್ಕೆ ಪೋಣಿಸಿ, ಹಳೆಯ ಪುಸ್ತಕವನ್ನು ಒಂದೇ ಬೆರಳಿನಿಂದ ಆಚೆ ತಳ್ಳಿ, ದಾನಪತ್ರಕ್ಕೆ ಮೊಹರು ಹಾಕಿದರು.

ಹೊರಗೆ ಹೂವಮ್ಮನಿಗೆ ಯಾವುದೂ ಗೊತ್ತಿರಲಿಲ್ಲ. ದೊಡ್ಡಮ್ಮನ ಗುರುತು ಹೇಳಿ ಬರೆದುಕೊಟ್ಟದ್ದು ಚಿಕ್ಕಪ್ಪನೇ ಎಂದು ಭೂತಪ್ಪನ ಬಾಯಲ್ಲಿ ಕೇಳಿ, ಕಣ್ಣು ತುಂಬಿಕೊಂಡು ಶೇಷಪ್ಪನ ಕಾಲಿಗೆ ಬಗ್ಗಿದಳು. ಅವನು ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತ ಕಚೇರಿಯ ಗೋಡೆಗೆ ಬೆನ್ನು ತಾಗಿಸಿಕೊಂಡು ನಿಂತ.

“ಮುಟ್ಟಿ ನಮಸ್ಕಾರ ಮಾಡೇ,” ಎಂದಳು ಕೆರಿಯಮ್ಮ. “ದೊಡ್ಡ ಮನಸ್ಸು ಮಾಡ್ಯಾನೆ.”