ಫರ್ಸಿಯ ಮೇಲೆ ನಿಂತ ಗಾಡಿ

ಟಕ್ — ಅಷ್ಟೇ, ಬೆರಳಿನ ನೆಟಿಗೆ ಮುರಿದಷ್ಟು ಸಣ್ಣ ಸದ್ದು, ಎಡಗಿವಿಯ ಪಕ್ಕದಿಂದಲೇ ಬಂತು, ಪಾನಾ ಜಾರಿರಬೇಕು ಅಂದುಕೊಂಡ ಬಸವಲಿಂಗ, ಇಲ್ಲ, ಪಾನಾ ಕೈಯಲ್ಲೇ ಇದೆ, ಕಾರಿನ ಅಡಿಯಲ್ಲಿ ಅಂಗಾತ ಮಲಗಿ ಮೊಣಕೈವರೆಗೂ ಒಳಗೆ ತೂರಿಸಿದ ಬಲಗೈಯಲ್ಲಿ, ಆಯಿಲ್ ಕೂಲರಿನ ಎರಡನೆಯ ಹೋಸಿನ ನಟ್ಟನ್ನು ಕಚ್ಚಿಕೊಂಡು ಕೂತಿದೆ, ಮೊದಲನೆಯ ಹೋಸು ಬೆಳಿಗ್ಗೆಯೇ ಬಿಚ್ಚಿಯಾಯಿತು, ಇದೊಂದು ಉಳಿದಿತ್ತು, ಹಾಳಾದ್ದು, ಮೂವತ್ತು ವರ್ಷದ ತುಕ್ಕು, ಹಲ್ಲು ಕಚ್ಚಿ ಜಗ್ಗಿದ್ದ, ನಟ್ಟು ಅಲ್ಲಾಡಲಿಲ್ಲ, ಗಾಡಿ ಅಲ್ಲಾಡಿತು, ಆಮೇಲೆ ಟಕ್. ಕಲ್ಲು. ಭಂಕೂರಿನ ಗಣಿಯಲ್ಲಿ ಹದಿನೆಂಟು ವರ್ಷ ಕೇಳಿದ ಸದ್ದು, ಉಳಿ ಸಾಲಾಗಿ ಹೊಡೆದ ಮೇಲೆ ಫರ್ಸಿ, ಆ ಹಾಸುಗಲ್ಲು, ಎರಡಾಗುವ ಮುಂಚೆ ಒಂದು ಸಲ ಹೀಗೇ ಅನ್ನುತ್ತದೆ. ಕತ್ತು ಹೊರಳಿಸದೆ ಕಣ್ಣಷ್ಟೇ ಹೊರಳಿಸಿದ. ಎಡಚಕ್ರದ ಹಿಂದೆ ಒಂದರ ಮೇಲೊಂದು ಆರು ಫರ್ಸಿ, ಗಾಡಿಯ ಭಾರ ಹೊರಲು ಅವನೇ ಪೇರಿಸಿದ್ದು, ಮೇಲಿಂದ ಮೂರನೆಯದರಲ್ಲಿ ಕೂದಲೆಳೆಯಷ್ಟು ಕರಿ ಗೆರೆ, ಬಿಚ್ಚಿದ ಹೋಸಿನಿಂದ ತೊಟ್ಟಿಕ್ಕಿದ ಎಣ್ಣೆ ಬಿರುಕಿಗೆ ಇಳಿದಿದೆ, ಅದಕ್ಕೇ ಕಾಣುತ್ತಿದೆ. ಸ್ಟ್ಯಾಂಡ್ ಒಯ್ಯೋ ಬಸೂ, ನನ್ನ ಕಡೆ ಅವ, ಅಂದಿದ್ದ ಗುಲಾಮ್ ರಸೂಲ್, ಗಣಿ ಮಷೀನುಗಳಿಗೆ ಹೋಸು ಕಟ್ಟುವವನು, ಈ ಗಾಡಿಗೂ ಅವನೇ ಹೊಸ ಹೋಸು ಕಟ್ಟಿಕೊಟ್ಟ, ಕಬ್ಬಿಣದ ಸ್ಟ್ಯಾಂಡ್ ಯಾರಿಗೆ ಬೇಕಾಗ್ಯದ, ನಮ್ಮ ಕಲ್ಲು ಮಾಳಿಗಿ ಮನಿ ಹೊರ್ತದ, ಎರಡು ಸೀಟಿನ ಗಾಡಿ ಹೊರಲ್ಲೇನು, ಅಂದವನು ಬಸವಲಿಂಗನೇ, ಜಂಬ, ಶಹಾಬಾದಿನವರ ಜಂಬ, ಕಲ್ಲಿನ ಮಾತು ಬಂದರೆ ಸಾಕು ಎದೆ ಉಬ್ಬುತ್ತದೆ, ಹಾಸಿದರೆ ಸರಿ, ಒಂದೇ ಕಡೆ ಭಾರ ಬಿದ್ದರೆ ಎಂಥ ಫರ್ಸಿಯೂ ನಿಲ್ಲುವುದಿಲ್ಲ ಅಂತ ಹೊಸಬರಿಗೆ ಹೇಳಿಕೊಟ್ಟವನೂ ಇವನೇ, ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ.

ಸರಿಯಬೇಕು, ಹೇಗೆ ಸರಿಯುವುದು, ಕೈ ತೆಗೆಯಬೇಕಾದರೆ ತಿರುಚಬೇಕು, ತಿರುಚಿದರೆ ಗಾಡಿ ನಡುಗುತ್ತದೆ, ಎದೆಗೂ ಗಾಡಿಗೂ ನಡುವೆ ನಾಲ್ಕು ಬೆರಳು ಜಾಗ, ಜಾಕು ಗೋಡೆಯ ಹತ್ತಿರ ಬಿಸಿಲಲ್ಲಿ ಬಿದ್ದಿದೆ, ಅಡ್ಡ ಬರುತ್ತದೆ ಎಂದು ತಾನೇ ತೆಗೆದಿಟ್ಟದ್ದು. ದಪ್. ಪೆಟ್ಟು ನೆಲದಿಂದ ಬೆನ್ನಿಗೆ ಬಂತು. ದಪ್. ಒಳಗೆ ಹೆಂಡತಿ ದಾನೇಶ್ವರಿ ಊಟಕ್ಕೆ ಶೇಂಗಾ ಹಿಂಡಿ, ಖಾರದ ಚಟ್ನಿಪುಡಿ, ಕುಟ್ಟುತ್ತಿದ್ದಾಳೆ, ಮಿಕ್ಸರ್ ಇದ್ದರೂ, ಸಿಟ್ಟು ಬಂದರೆ ಅವಳಿಗೆ ಒಳಕಲ್ಲೇ ಬೇಕು, ದಪ್, ಗೆರೆ ಉದ್ದವಾಯಿತೇ, ಇಲ್ಲ, ಆಯಿತು, ಮೂಲೆಯ ಕಡೆ ಒಂದು ಜೋಳದ ಕಾಳಿನಷ್ಟು. ಎಂಟು ದಿನದ ಸಿಟ್ಟು. ಸತ್ತ ಗಣಿ ಸಾಹುಕಾರರ ಶೆಡ್ಡಿನಿಂದ ಈ ಗಾಡಿ ತಂದಾಗಿನಿಂದ ಅವನಿಗೆ ಬೇರೆ ಲೋಕವಿಲ್ಲ, ಎಂಜಿನ್ ಹಿಂದೆ, ಕೂಲರ್ ಮುಂದೆ, ನೀರಿನ ಬದಲು ಎಣ್ಣೆಯೇ ತಂಪು ಮಾಡಬೇಕು, ಹಾಗೆ ಹೀಗೆ, ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು, ಆದರೂ ನಗುತ್ತಲೇ ಬಾನೆಟ್ಟಿನ ಮೇಲೆ ಹಪ್ಪಳ ಹಾಕಿದಳು, ಇಲ್ಲಿ ಭಾಳ ಚಂದ ಒಣಗ್ತಾವರಿ, ಇವನು ಓಣಿಯವರೆದುರು ತಟ್ಟೆ ಎಳೆದು ಒಗೆದ, ಗಾಡಿ ಮುಟ್ಟಬ್ಯಾಡ ಅಂತ ಎಷ್ಟ ಸಲ ಹೇಳಬೇಕು ನಿನಗ, ಹಪ್ಪಳವೆಲ್ಲ ಅಂಗಳದ ತುಂಬ, ಒಂದೊಂದಾಗಿ ಆರಿಸಿಕೊಂಡಳು, ಮುಖ ಎತ್ತದೆ ಅಂದಳು, ಅದರ ಬುಡಕೇ ಬಿದ್ದು ಸಾಯ್ರಿ. ಆಮೇಲೆ ಮಾತಿಲ್ಲ. ಈಗ ಸತ್ತರೆ ಅವಳು ಆ ಮಾತನ್ನು ಎಲ್ಲಿಟ್ಟುಕೊಳ್ಳಬೇಕು, ಜನ ಬಂದು ಗಾಡಿ ಎತ್ತುತ್ತಾರೆ, ಕೂಗುತ್ತಾರೆ, ಹೋಗುತ್ತಾರೆ, ಅವಳ ಬಾಯಲ್ಲಿ ಅದು ಉಳಿಯುತ್ತದೆ, ಬೇಡ, ಹಾಗಾಗಬಾರದು, ಕರಿ ಗೆರೆ, ಅದನ್ನೇ ನೋಡಬೇಡ, ಅದನ್ನೇ ನೋಡುತ್ತಿದ್ದಾನೆ.

ಕುಟ್ಟುವುದು ನಿಂತಿತು. ಕಾಲುಂಗುರದ ಸಪ್ಪಳ, ಹೊಸ್ತಿಲು, ಕಟ್ಟೆ, ಬರುತ್ತಿದ್ದಾಳೆ, ಊಟಕ್ಕೆ ಕರೆಯಲು, ಮಾತು ಬಿಟ್ಟಿದ್ದರೂ ಊಟಕ್ಕೆ ಕರೆಯುವುದನ್ನು ಬಿಟ್ಟಿಲ್ಲ, ಬಂದು ಗಾಡಿಗೆ ಕೈಯೂರಿ ಬಗ್ಗಿ ನೋಡುತ್ತಾಳೆ, ಯಾವಾಗಲೂ ಹಾಗೇ, ಕೈಯೂರಿದರೆ ಮುಗಿಯಿತು. ಗಾಡಿ ಮುಟ್ಟಬ್ಯಾಡ ಅನ್ನಬೇಕು, ಅದೇ ಮಾತು, ಅದನ್ನು ಕೇಳಿದರೆ ಹಟಕ್ಕೇ ಎರಡೂ ಕೈ ಊರುತ್ತಾಳೆ, ಮತ್ತೇನು ಹೇಳುವುದು, ಹತ್ತಿರ ಬಂದಳು, ಸೀರೆಯ ಅಂಚು ಕಂಡಿತು, ದಾನೇಶ್ವರಿ, ಅಂದ, ನನಗ ಅಂಜಿಕಿ ಆಗ್ಯದ. ಪಾದಗಳು ನಿಂತವು. ಲಗ್ನವಾಗಿ ಹದಿನಾರು ವರ್ಷದಲ್ಲಿ ಅವನ ಬಾಯಿಂದ ಅವಳು ಕೇಳದ ಮಾತು. ನೆಲಕ್ಕೇ ಮೊಣಕಾಲೂರಿದಳು, ಮುಖ ಅಡ್ಡಡ್ಡ ಕಂಡಿತು, ಕಲ್ಲೊಡೆಯುವವರ ಮಗಳು, ಕಣ್ಣು ನೆಟ್ಟಗೆ ಮೂರನೆಯ ಫರ್ಸಿಗೇ ಹೋಯಿತು. ಬಿರಕ ಬಿಟ್ಟದರಿ, ಅಲ್ಲಾಡಬ್ಯಾಡ್ರಿ, ಉಸುರು ಸುದ್ದಾ ಸಣ್ಣಗ ತಗೋರಿ. ಜಾಕು ನೆಲದ ಮೇಲೆ ಎಳೆದು ಬರುವ ಸದ್ದು, ಎಲ್ಲಿ ಇಡಲಿ, ಅಂದಳು, ಗಾಡಿಯ ಆ ದಪ್ಪ ತೊಲಿ ಬುಡಕ, ಕಲ್ಲಿಗಿ ಹತ್ತಸಬ್ಯಾಡ, ಅಂದ, ಗೊತ್ತದ ಸುಮ್ಕಿರ್ರಿ, ಕಿರ್, ಕಿರ್, ಹಿಡಿ ಒತ್ತುವ ಅವಳ ಕೈಗೆ ಹಿಂಡಿಯ ಖಾರ ಮೆತ್ತಿದೆ, ಗಾಡಿ ಒಂದು ಬೆರಳು ಎದ್ದಿತು, ಎರಡು, ಈಗ ಕೈ ತಿರುಚ್ರಿ, ತಿರುಚಿದ, ಚರ್ಮ ಕಿತ್ತು ಬಂತು, ಕಾಲು ಹಿಡಿದು ದರದರ ಎಳೆದಳು, ಬಿಸಿಲು, ಆಕಾಶ, ಅವಳು.

ನಾ ಅವತ್ತ ಅಂದಿದ್ದು, ಅಂದಳು, ಅವನ ಅಂಗಿಯ ತೋಳನ್ನು ಹಿಡಿದ ಕೈ ಬಿಡಲಿಲ್ಲ. ಏನಾದರೂ ಹೇಳಬೇಕು, ತಪ್ಪಾಯಿತು ಅನ್ನಬೇಕು, ಹಪ್ಪಳ ಹಾಕು ಅನ್ನಬೇಕು, ಅವನು ಮಾತ್ರ ಕೋಲೊಂದನ್ನು ಚಾಚಿ ಆ ಮೂರನೆಯ ಫರ್ಸಿಯನ್ನು ಮುಟ್ಟಿದ, ಮುಟ್ಟಿದ್ದಷ್ಟೇ, ಅದು ಎರಡಾಗಿ ಸುಮ್ಮನೆ ಬಾಯಿ ಬಿಟ್ಟಿತು, ಒಳಗೆಲ್ಲ ಕರಿ, ಎಣ್ಣೆ ಇಷ್ಟು ಆಳಕ್ಕೆ ಹೋಗಬೇಕಾದರೆ ಬೆಳಗಿನಿಂದಲೇ ಒಡೆದಿರಬೇಕು, ಅವನು ಮೊದಲ ಹೋಸು ಬಿಚ್ಚುವಾಗಲೇ, ಸಿಳ್ಳೆ ಹಾಕುತ್ತ ಮಲಗಿದ್ದಾಗಲೇ, ಅವಳೂ ನೋಡಿದಳು, ಇಬ್ಬರೂ ನೋಡಿದರು, ಕರಿ, ಕರಿ, ಒಂದು ಮೂಲೆಯಲ್ಲಿ ಮಾತ್ರ ಎಣ್ಣೆ ಮುಟ್ಟದ ಬೂದು ಕಲ್ಲು, ಇಷ್ಟು ಹೊತ್ತು ಒಡೆಯದೆ ಹಿಡಿದುಕೊಂಡಿದ್ದದ್ದು ಅದೊಂದೇ, ಹೆಬ್ಬೆರಳಿನ ಉಗುರಿನಷ್ಟು, ಅಷ್ಟೇ, ಉಗುರಿನಷ್ಟು —