ಬೇಸಿಗೆಯ ಮೇಣ

ಕಮಿನುಮದಲ್ಲಿ ಹಿಮ ಬೀಳುವುದನ್ನು ಇದ್ದದ್ದು ಇದ್ದ ಹಾಗೆ ಹೇಳಿದರೂ ಕೇಳಿದವರು ಸುಳ್ಳು ಅನ್ನುತ್ತಾರೆ. ಅದಕ್ಕೆ ಸ್ವಲ್ಪ ಸೇರಿಸಿ ಹೇಳಿಬಿಡುವುದೇ ವಾಸಿ. ಜನವರಿಯಲ್ಲಿ ಬೆಳಿಗ್ಗೆ ಬಾಗಿಲು ತೆಗೆದು ಹೊರಗೆ ಕಾಲಿಟ್ಟವನ ಟೋಪಿ ಮಾತ್ರ ಮಧ್ಯಾಹ್ನದ ಊಟದ ಹೊತ್ತಿಗೆ ಸಿಗುತ್ತದೆ. ಅಂಚೆಯವನು ಹೊಗೆಕೊಳವೆಯಲ್ಲಿ ಕಾಗದ ಇಳಿಬಿಟ್ಟು ಹೋಗುತ್ತಾನೆ. ಡಿಸೆಂಬರಿನಲ್ಲಿ ಮಾಡು ಹತ್ತಿದ ಬೆಕ್ಕು ಅಲ್ಲೇ ಸಂಸಾರ ಹೂಡಿ, ಏಪ್ರಿಲ್‌ನಲ್ಲಿ ಮಕ್ಕಳು ಮರಿಗಳೊಂದಿಗೆ ಇಳಿದು ಬರುತ್ತದೆ. ಆ ಹಿಮದ ಹಗುರವಾದರೂ ಎಂಥದ್ದು! ಒಬ್ಬ ಸೀನಿದರೆ ಅವನ ಅಂಗಳದ ಹಿಮವೆಲ್ಲ ಎದ್ದು ಪಕ್ಕದವನ ಆಲೂಗಡ್ಡೆ ಹೊಲಕ್ಕೆ ಹೋಗಿ ಬಿದ್ದು, ಜಗಳವಾಗುತ್ತದೆ. ಯೋತೆಯಿ ಬೆಟ್ಟದ ಬುಡದ ಈ ಪುಡಿಹಿಮದಲ್ಲಿ ಜಾರಬೇಕೆಂದು ಜಗತ್ತಿನ ಮೂಲೆಮೂಲೆಯಿಂದ ಜನ ಬರುತ್ತಾರೆ. ಬಂದವರು ಒಂದಲ್ಲ ಒಂದು ದಿನ ಸಸಮೊರಿ ತೆತ್ಸುಜಿಯ ಬಾಡಿಗೆ ಸ್ಕೀ ಅಂಗಡಿಯ ಮೆಟ್ಟಿಲು ಹತ್ತುತ್ತಾರೆ.

ತೆತ್ಸುಜಿಯ ಬಾಯಿ ಆ ಹಿಮಕ್ಕಿಂತ ಒಂದು ಕೈ ಮೇಲು. ತಾನು ಮೇಣ ಹಚ್ಚಿದ ಸ್ಕೀ ಕಟ್ಟಿಕೊಂಡ ಗಿರಾಕಿಯೊಬ್ಬ ನಿಲ್ಲಿಸಲಾಗದೆ ಸಮುದ್ರವನ್ನೂ ಜಾರಿ ದಾಟಿ, ಈಗ ರಷ್ಯಾದಲ್ಲಿ ಮದುವೆಯಾಗಿ ಸುಖವಾಗಿದ್ದಾನೆ ಎಂದು ಮುಖದ ಒಂದು ಗೆರೆಯೂ ಕದಲದಂತೆ ಹೇಳುತ್ತಿದ್ದ. ಆದರೆ ಆ ಅಂಗಡಿಯಲ್ಲಿ ಮೇಣ ಹಚ್ಚುತ್ತಿದ್ದವಳು ಅವನ ಹೆಂಡತಿ ಫುಮಿಎ. ಯಾರ ಕಾಲಿಗೆ ಯಾವ ಸ್ಕೀ ಎಂದು ಆರಿಸುತ್ತಿದ್ದವಳೂ ಅವಳೇ. ಬಂದವರ ತೂಕ, ಎತ್ತರ ಕೇಳಿದ ಮೇಲೆ ಅವಳದು ಇನ್ನೊಂದು ಪ್ರಶ್ನೆ ಇರುತ್ತಿತ್ತು. "ಕೊನೇ ಸಲ ಬಿದ್ರಲ್ಲ, ಮುಂದಕ್ಕೆ ಬಿದ್ರೋ, ಹಿಂದಕ್ಕೆ ಬಿದ್ರೋ?" ತಾನು ಬೀಳುವುದೇ ಇಲ್ಲ ಎಂದವರಿಗೆ ಮಕ್ಕಳ ಸ್ಕೀ ಇರುವ ಮೂಲೆ ತೋರಿಸುತ್ತಿದ್ದಳು.

ಹಿಮ ಕರಗುವ ಕಾಲಕ್ಕೆ ಅವಳು ಅಂಗಡಿಯ ಸ್ಕೀಗಳಿಗೆಲ್ಲ ಬೇಸಿಗೆಯ ಮೇಣ ಹಾಕುತ್ತಿದ್ದಳು. ಸ್ಕೀಯನ್ನು ಅಂಗಾತ ಮಲಗಿಸಿ, ಅಡಿಭಾಗಕ್ಕೆ ಮೇಣ ತೊಟ್ಟಿಕ್ಕಿಸಿ, ಇಸ್ತ್ರಿ ಪೆಟ್ಟಿಗೆಯಿಂದ ದಪ್ಪಗೆ ಹರಡಿ, ಹೆರೆಯದೆ ಹಾಗೆಯೇ ನಿಲ್ಲಿಸಿಬಿಡುವುದು. ಅದಕ್ಕೆ ಅವಳು ಕಂಬಳಿ ಹೊದಿಸುವುದು ಅನ್ನುತ್ತಿದ್ದಳು. ಮತ್ತೆ ಹಿಮ ಬಿದ್ದಾಗ ಆ ಮೇಣವನ್ನು ಹೆರೆದು ತೆಗೆದರೆ ಸ್ಕೀ ಎಚ್ಚರಾದ ಹಾಗೆ. ಹೆರೆಯದಿದ್ದರೆ ಅದು ಹಿಮಕ್ಕೆ ಅಂಟಿಕೊಂಡು ಹಟಮಾರಿ ಕತ್ತೆಯಂತೆ ನಿಲ್ಲುತ್ತದೆ.

ಹೆರೆದ ಮೇಣದ ಸುರುಳಿಗಳು ಬಿಳಿ ಗರಿಗಳ ಹಾಗೆ ಹಾರಿ ಕಂಡಕಂಡದ್ದಕ್ಕೆ ಅಂಟುತ್ತಿದ್ದವು. ಅವಳ ತೋಳಿಗೆ, ಕಾಲುಚೀಲಕ್ಕೆ, ಹುಬ್ಬಿಗೆ. ಕೊನೆಗೆ ಮಿಸೊ ಸಾರಿಗೆ.

"ನಿನ್ನ ಸಾರಲ್ಲಿ ಉಪ್ಪಿಗಿಂತ ಮೇಣವೇ ಜಾಸ್ತಿ ಕಣೇ," ಎನ್ನುತ್ತಿದ್ದ ತೆತ್ಸುಜಿ, ಸುರುಳಿಯನ್ನು ಊಟದ ಕಡ್ಡಿಯಿಂದ ಎತ್ತಿ ತೋರಿಸುತ್ತ.

"ಗಂಟಲಲ್ಲಿ ಸಲೀಸಾಗಿ ಜಾರ್ಲಿ ಅಂತ ಹಾಕಿದೀನಿ. ಸುಮ್ನೆ ಕುಡೀರಿ."

ಅವನಿಗೆ ಇನ್ನೊಂದು ತಕರಾರು ಇತ್ತು. ಮೇಣ ಆರಿತೋ ಇಲ್ಲವೋ ಎಂದು ನೋಡಲು ಅವಳು ಪ್ರತಿ ಸ್ಕೀಯ ಬಾಲದ ಹತ್ತಿರ ಹೆಬ್ಬೆರಳು ಒತ್ತಿಬಿಡುತ್ತಿದ್ದಳು. "ಹೊಸ ಗೋಡೆ ಮೇಲೆ ಕೋಳಿ ನಡೆದ ಹಾಗೆ ಮಾಡ್ತೀಯ," ಎಂದು ಅವನು ಮದುವೆಯಾದಾಗಿನಿಂದ ಬೈದ. ಅವಳು ಮದುವೆಯಾದಾಗಿನಿಂದ ಒತ್ತಿದಳು.

ಆಗಸ್ಟಿನಲ್ಲಿ, ಸತ್ತವರು ಮನೆಗೆ ಬಂದು ಹೋಗುವ ಬಾನ್ ಹಬ್ಬಕ್ಕೆ ಮುಂಚೆ, ಆಲೂಗಡ್ಡೆ ಮಡಿಯಲ್ಲಿ ಕಳೆ ಕೀಳುತ್ತ ಕೂತವಳು ಹಾಗೆಯೇ ಪಕ್ಕಕ್ಕೆ ವಾಲಿದಳು. ತೆತ್ಸುಜಿ ಆಗ ಬೇಲಿಯಾಚೆ ನಿಂತು ಪಕ್ಕದವನಿಗೆ ಯಾವುದೋ ಕರಡಿಯ ಕಥೆ ಹೇಳುತ್ತಿದ್ದ. ಕಥೆ ಮುಗಿಸಿ ತಿರುಗಿ ನೋಡಿದ.

ಡಿಸೆಂಬರಿನಲ್ಲಿ, ಅವಳು ತೀರಿಕೊಂಡ ಮೇಲಿನ ಮೊದಲ ಹಿಮ ಬಿತ್ತು. ಅವನು ತೋಳು ಮಡಚಿ ಸ್ಕೀ ಹೆರೆಯಲು ನಿಂತ. ಅವನು ಹೆರೆದ ವೇಗಕ್ಕೆ ಮೇಣದ ಸುರುಳಿಗಳು ಕಿಟಕಿಯಿಂದ ಹಾರಿ, ಮೇಲಿಂದ ಬೀಳುತ್ತಿದ್ದ ಹಿಮಕ್ಕೇ ದಾರಿ ತಪ್ಪಿತು ಎಂದು ಊರಲ್ಲಿ ಈಗಲೂ ಹೇಳುತ್ತಾರೆ. ಗೋಡೆಯುದ್ದಕ್ಕೂ ನಿಂತಿದ್ದ ಕಡಿಮೆ ಅಗಲದ ಸ್ಕೀಗಳೆಲ್ಲ ಮುಗಿಯುತ್ತ ಬಂದವು. ಹಿಮ ಇನ್ನೂ ತೆಳುವಾಗಿದ್ದು ಕಲ್ಲು ತಾಗುವ ದಿನಗಳಿಗೆ ಅವೇ ಸಾಕು. ಪುಡಿಹಿಮದ ಅಗಲ ಸ್ಕೀಗಳನ್ನು ಜನವರಿಗೆ ಎಬ್ಬಿಸಿದರಾಯಿತು ಎಂದುಕೊಳ್ಳುತ್ತ ಕೊನೆಯ ಜೋಡಿಯನ್ನು ಹೆರೆಯುವಾಗ, ಬಾಲದ ಹತ್ತಿರ ಅವನ ಕಣ್ಣಿಗೆ ಅದು ಬಿತ್ತು. ಒಂದು ಸಣ್ಣ ಗುಳಿ. ಗುಳಿಯೊಳಗೆ ಸುತ್ತು ಗೆರೆಗಳು. ಕೈ ತಡೆಯುವಷ್ಟರಲ್ಲಿ ಹೆರೆಯುವ ಪಟ್ಟಿ ಅದರ ಮೇಲೆ ಹಾದುಹೋಗಿತ್ತು.

ನೆಲದ ಮೇಲೆ ಮಂಡಿಮಟ್ಟ ಬಿದ್ದಿದ್ದ ಸುರುಳಿಗಳನ್ನು ಅವನು ನೋಡಿದ. ಅಷ್ಟೂ ಸ್ಕೀಗಳ ಬಾಲದಲ್ಲಿ ಅದು ಇತ್ತು, ಅಷ್ಟನ್ನೂ ತಾನೇ ಹೆರೆದುಹಾಕಿದ್ದ.

ಅಗಲ ಸ್ಕೀಗಳನ್ನು ಅವನು ಅವತ್ತೇ ಹಿಂದಿನ ಕೋಣೆಗೆ ಸಾಗಿಸಿ, ಮೇಲೆ ಫುಟಾನ್ ಎಂಬ ಹತ್ತಿ ಹಾಸಿಗೆ ಹೊದಿಸಿ ಮುಚ್ಚಿಟ್ಟ. ಜನವರಿ ಬಂತು, ಹಿಮ ಎದೆಮಟ್ಟ ಬಂತು, ಗಿರಾಕಿಗಳು ಬಂದು ಅಗಲ ಸ್ಕೀ ಕೇಳಿದರು. "ಅಗಲದ್ದೆಲ್ಲ ಸೋಮಾರಿಗಳಿಗೆ," ಎಂದ ತೆತ್ಸುಜಿ. "ನಮ್ಮಜ್ಜ ಬೇಲಿಯ ಪಟ್ಟಿ ಕಟ್ಟಿಕೊಂಡು ಜಾರ್ತಿದ್ದ. ಅವನನ್ನ ಹಿಡಿಯೋಕೆ ಗಾಳಿಗೂ ಆಗ್ತಿರಲಿಲ್ಲ." ನಕ್ಕವರು ಕಡಿಮೆ ಅಗಲದ್ದನ್ನೇ ಒಯ್ದು, ಸೊಂಟದವರೆಗೆ ಹೂತು, ಬೈದುಕೊಂಡು ವಾಪಸು ಬಂದರು. ಕೆಲವರು ಕೆಳಗಿನ ಅಂಗಡಿಗೆ ಹೋದರು.

ನಾದಿನಿ ನೊಬುಎ ದಿನವೂ ಬಂದು ಅಡುಗೆ ಮಾಡಿಟ್ಟು ಹೋಗುತ್ತಿದ್ದಳು. ಅವಳು ಫುಟಾನ್ ಎತ್ತಿ ನೋಡಿದ್ದಳು. "ಭಾವ, ಅಕ್ಕ ಕಂಬಳಿ ಹೊದಿಸಿದ್ದು ಬೇಸಿಗೆಗೆ," ಎಂದಳು. "ಈಗ ಏನು ಕಾಲ?"

"ನಿಂಗ್ಯಾಕೆ? ಮೂಲಂಗಿ ಹೆಚ್ಚು ಹೋಗು."

ಅವಳು ಮೂಲಂಗಿಯನ್ನು ಕುದುರೆಗೆ ಹಾಕುವಷ್ಟು ದಪ್ಪ ದಪ್ಪ ಹೆಚ್ಚಿಟ್ಟು ಹೋದಳು.

ಆ ವಾರವೇ ಒಸಾಕಾದಿಂದ ಕುವಬರ ಮಿತ್ಸುಕೊ ಬಂದಿಳಿದಳು. ಪ್ರತಿ ಜನವರಿಗೂ ಬರುವವಳು, ಫುಮಿಎಯ ಗೆಳತಿ. ವಯಸ್ಸು ಅರವತ್ತು ದಾಟಿದ್ದರೂ ಒಸಾಕಾದವರ ನಾಲಿಗೆಗೆ ವಯಸ್ಸಾಗುವುದಿಲ್ಲ. ಸಾವಾದ ಮನೆಯವರು ಡಿಸೆಂಬರಿನಲ್ಲಿ, ಈ ವರ್ಷ ನಮಗೆ ಹೊಸ ವರ್ಷದ ಶುಭಾಶಯ ಬೇಡ ಎಂದು ಎಲ್ಲರಿಗೂ ಕಾರ್ಡು ಕಳಿಸಬೇಕು. ಬಂಧುಗಳಿಗೆ ನೊಬುಎ ಕಳಿಸಿದ್ದಳು. ಗಿರಾಕಿಗಳಿಗೆ ನಾನು ಹಾಕ್ತೀನಿ ಎಂದಿದ್ದ ತೆತ್ಸುಜಿ ಹಾಕಿರಲಿಲ್ಲ.

"ಸಸಮೊರಿ-ಸಾನ್, ಇನ್ನೂ ಬದುಕಿದೀರಾ?" ಮಿತ್ಸುಕೊ ಬೂಟಿನ ಹಿಮ ಕೊಡವುತ್ತ ಒಳಗೆ ಬಂದಳು. "ಸುಳ್ಳು ಹೇಳೋರಿಗೆ ಆಯಸ್ಸು ಜಾಸ್ತಿ ಅಂತಾರೆ, ನಿಜ ನೋಡಿ. ಎಲ್ಲಿ ಅವಳು?"

ತೆತ್ಸುಜಿ ಗೋಡೆಯ ಕಡೆ ತಿರುಗಿ, ಸರಿಯಾಗಿಯೇ ಇದ್ದ ಸ್ಕೀಯೊಂದನ್ನು ಸರಿಯಾಗಿ ನಿಲ್ಲಿಸಿದ. "ಸಪ್ಪೊರೊಗೆ ಹೋಗಿದಾಳೆ. ಅಲ್ಲಿನ ದೊಡ್ಡ ಸ್ಕೀ ತಂಡದವರು ಕಾಲು ಹಿಡಿದು ಕೇಳಿಕೊಂಡ್ರು. ಬಂದು ನಮ್ಮ ಸ್ಕೀಗೆ ಮೇಣ ಹಾಕಿಕೊಡಿ ತಾಯಿ ಅಂತ. ಬ್ಯಾಂಡ್ ಬಾರಿಸಿಕೊಂಡು ಕರ್ಕೊಂಡು ಹೋದ್ರು."

"ಬ್ಯಾಂಡ್ ಬೇರೆ," ಎಂದು ನಕ್ಕಳು ಮಿತ್ಸುಕೊ. "ಆಗ್ಲಿ, ನನ್ನ ಹಳದಿ ಸ್ಕೀ ಕೊಡಿ. ಇದು ಕೊನೇ ಸಲ. ಮಾರ್ಚ್‌ನಲ್ಲಿ ಮಂಡಿ ಕೊಯ್ಯಿಸ್ಕೋಬೇಕು, ಆಮೇಲೆ ಜಾರೋದೇನಿದ್ರೂ ಸ್ನಾನದ ಮನೇಲಿ."

ಹಳದಿ ಸ್ಕೀ, ಅಗಲದ್ದು, ಹಿಂದಿನ ಕೋಣೆಯಲ್ಲಿತ್ತು. ಫುಟಾನಿನ ಕೆಳಗೆ, ಬಾಲದಲ್ಲಿ ಹೆಬ್ಬೆರಳು ಹೊತ್ತುಕೊಂಡು.

"ಹಳದಿ ಮುರಿದುಹೋಯ್ತು," ಎಂದ ಅವನು.

"ಮುರೀತಾ? ಹೇಗೆ?"

"ಒಬ್ಬ ಸುಮೊ ಪೈಲ್ವಾನ ಬಂದಿದ್ದ. ಬೇಡ ಬೇಡ ಅಂದ್ರೂ ಕೇಳಲಿಲ್ಲ." ಅವನು ಗೋಡೆಯಿಂದ ಕಡಿಮೆ ಅಗಲದ ಜೋಡಿಯೊಂದನ್ನು ಇಳಿಸಿದ. "ಇದನ್ನ ಕಟ್ಕೊಳ್ಳಿ. ಇವತ್ತಿನ ಹಿಮಕ್ಕೆ ಇದೇ ಸರಿ."

ಮಿತ್ಸುಕೊ ಸ್ಕೀಯನ್ನು ನೋಡಿದಳು, ಕಿಟಕಿ ಮುಚ್ಚುವಂತೆ ಸುರಿಯುತ್ತಿದ್ದ ಹಿಮವನ್ನು ನೋಡಿದಳು. "ಫುಮಿಎ ಇದ್ದಿದ್ರೆ ಇದನ್ನ ಕೊಡ್ತಿರಲಿಲ್ಲ," ಎಂದಳು. ಆದರೆ ಅವನ ಕೈಯಿಂದ ತೆಗೆದುಕೊಂಡಳು. ಈ ಅಂಗಡಿಯಲ್ಲಿ ಕೊಟ್ಟದ್ದನ್ನು ಬೇಡ ಎನ್ನುವ ಅಭ್ಯಾಸ ಅವಳಿಗಿರಲಿಲ್ಲ.

ಇನ್ನು ಮುಂದಿನದರಲ್ಲಿ ಸೇರಿಸಿ ಹೇಳಿದ್ದು ಏನೂ ಇಲ್ಲ. ಕಾಡಿನೊಳಗೆ ಕಡಿಮೆ ಅಗಲದ ಸ್ಕೀ ಅವಳನ್ನು ತೇಲಿಸಲಿಲ್ಲ. ಮುಂತುದಿ ಹಿಮದೊಳಗೆ ನುಗ್ಗಿತು, ಅವಳು ದೇವದಾರು ಮರದ ಬುಡದ ಗುಂಡಿಗೆ ತಲೆಕೆಳಗಾಗಿ ಬಿದ್ದಳು. ಮರದ ಸುತ್ತ ಹಿಮ ಟೊಳ್ಳಾಗಿರುತ್ತದೆ. ಒದ್ದಾಡಿದಷ್ಟೂ ಮೇಲಿನದು ಕುಸಿದು ಬಾಯಿಗೆ ತುಂಬುತ್ತದೆ. ಹಿಂದೆ ಬರುತ್ತಿದ್ದ ಇಬ್ಬರು ಅಪರಿಚಿತರಿಗೆ ಹಿಮದ ಮೇಲೆ ಅಲುಗಾಡುತ್ತಿದ್ದ ಒಂದು ಸ್ಕೀಯ ಬಾಲ ಕಂಡಿತು. ಅವರು ಕೈಯಿಂದಲೇ ಬಗೆದು ಅವಳನ್ನು ಎಳೆದು ತೆಗೆದರು.

ಸಂಜೆಗೆ ಮುಂಚೆ ಅವಳು ಆ ಇಬ್ಬರ ಹೆಗಲ ಮೇಲೆ ಕೈ ಹಾಕಿಕೊಂಡು ಅಂಗಡಿಗೆ ಬಂದಳು. ಮಂಡಿ ಊದಿತ್ತು. ತುಟಿಗೆ ಬಣ್ಣವಿರಲಿಲ್ಲ. ನೊಬುಎ ಓಡಿಬಂದು ಸೀಮೆಎಣ್ಣೆ ಒಲೆಯ ಪಕ್ಕ ಕೂರಿಸಿ, ಬಿಸಿ ಚಹಾ ಕೊಟ್ಟು, ಮಂಡಿಗೆ ಬಟ್ಟೆ ಸುತ್ತಿದಳು. ತೆತ್ಸುಜಿ ನಿಂತಲ್ಲೇ ನಿಂತಿದ್ದ. ಅವನ ಬಾಯಿಗೆ ಒಂದು ಸುಮೊ ಪೈಲ್ವಾನನೂ ಬರಲಿಲ್ಲ.

"ಅಲ್ಲಿ ಒಳಗೆ ಕತ್ತಲು," ಎಂದಳು ಮಿತ್ಸುಕೊ, ಲೋಟವನ್ನು ಎರಡೂ ಕೈಯಲ್ಲಿ ಹಿಡಿದು. "ಫುಮಿಎಗೆ ಫೋನ್ ಮಾಡಿ. ನಾನೇ ಮಾತಾಡ್ತೀನಿ."

ನೊಬುಎ ಭಾವನನ್ನು ನೋಡಿದಳು. ಅವನು ಒಳಗಿನ ಕೋಣೆಯ ಬಾಗಿಲು ಸರಿಸಿದ. ಅಲ್ಲಿ ತೀರಿಹೋದವರಿಗೆ ಎಡೆಯಿಡುವ ಪೂಜಾಪೆಟ್ಟಿಗೆ, ಅದರ ಮುಂದೆ ಫುಮಿಎಯ ಫೋಟೊ, ಅನ್ನದ ಪುಟ್ಟ ಬಟ್ಟಲು. ಮಿತ್ಸುಕೊ ಕುಂಟುತ್ತ ಒಳಗೆ ಹೋದಳು. ಊದುಕಡ್ಡಿಯ ವಾಸನೆ ಬಂತು. ಪುಟ್ಟ ಗಂಟೆ ಒಮ್ಮೆ ಟಿಣ್ ಎಂದಿತು.

ಹೊರಗೆ ಬಂದಾಗ ಅವಳ ಮುಖ ಒದ್ದೆಯಾಗಿತ್ತು. "ಯಾವಾಗ?"

"ಬಾನ್ ಹಬ್ಬಕ್ಕೆ ಮುಂಚೆ."

"ಹಳದಿ ಸ್ಕೀ?"

ಅವನು ಫುಟಾನ್ ಎಳೆದ. ಹಳದಿ ಜೋಡಿಯನ್ನು ಒಲೆಯ ಹತ್ತಿರ ತಂದು, ಅಡಿ ಮೇಲಾಗಿಸಿ ತೋರಿಸಿದ. ಹೇಳಬೇಕಾಗಿರಲಿಲ್ಲ; ಅವಳು ಬಾಲದ ಗುಳಿಯನ್ನು ನೋಡಿದ ಕೂಡಲೇ ಗುರುತಿಸಿದಳು. ಎಷ್ಟೋ ಚಳಿಗಾಲಗಳಲ್ಲಿ ಗಂಡಹೆಂಡಿರು ಅದಕ್ಕಾಗಿ ಕಿತ್ತಾಡಿದ್ದನ್ನು ಇದೇ ಒಲೆಯ ಪಕ್ಕ ಕೂತು ಕೇಳಿದ್ದಳು.

"ಮಿಕ್ಕಿದ್ದೆಲ್ಲ ಗೊತ್ತಾಗೋ ಮುಂಚೆ ಹೆರೆದುಬಿಟ್ಟೆ," ಎಂದ ತೆತ್ಸುಜಿ. "ಇಷ್ಟೇ ಉಳಿದಿರೋದು."

"ಅದಕ್ಕೆ ನನ್ನನ್ನ ಆ ಕಡ್ಡಿ ಮೇಲೆ ಕಳಿಸಿದ್ರಾ?"

"ಹೂಂ."

ಅವಳು ಬೈಯುತ್ತಾಳೆ ಎಂದು ಅವನು ಕಾದ. ಅವಳು ಗುಳಿಯ ಮೇಲೆ ಬೆರಳಾಡಿಸುತ್ತ ಕೂತಳು. "ನಾನಂತೂ ಇನ್ನು ಜಾರೋ ಹಾಗಿಲ್ಲ," ಎಂದಳು ಕೊನೆಗೆ. "ನಾಳೆ ಇನ್ಯಾರೋ ಬರ್ತಾರೆ. ಅವರ ಹಿಂದೆ ಯಾರೂ ಬರದೇ ಇರಬಹುದು. ಹೆರೀರಿ, ಸಸಮೊರಿ-ಸಾನ್. ಬಾಲ ನಾನು ಹಿಡ್ಕೋತೀನಿ."

ಅವನು ಪಟ್ಟಿ ಕೈಗೆತ್ತಿಕೊಂಡ. ಸ್ಕೀಯನ್ನು ಹೆರೆಯುವುದು ಮೂತಿಯಿಂದ ಬಾಲಕ್ಕೆ. ಸುರುಳಿಗಳು ಎದ್ದು ತೋಳಿಗೆ, ಮಿತ್ಸುಕೊಳ ಮಂಡಿಯ ಬಟ್ಟೆಗೆ ಅಂಟಿದವು. ಪ್ರತಿ ಸಲವೂ ಪಟ್ಟಿ ಬಾಲದ ಹತ್ತಿರ ಬಂದು ನಿಂತುಬಿಡುತ್ತಿತ್ತು. ಹಳದಿ ಸ್ಕೀಯ ಕಪ್ಪು ಅಡಿ ಉದ್ದಕ್ಕೂ ಹೊಳೆಯಿತು. ಬಾಲದಲ್ಲಿ ಮಾತ್ರ ಅಂಗೈಯಷ್ಟು ಬಿಳುಪು ಉಳಿಯಿತು.

"ಬಾಲ ಬಿಟ್ರೆ ಲಂಗರು ಎಳ್ಕೊಂಡು ಹೋದ ಹಾಗಾಗುತ್ತೆ, ಭಾವ," ಎಂದಳು ನೊಬುಎ ಮೆಲ್ಲಗೆ.

ತೆತ್ಸುಜಿ ಆ ಗುಳಿಯ ಮೇಲೆ ತನ್ನ ಹೆಬ್ಬೆರಳಿಟ್ಟ. ಅದು ದಪ್ಪ ಬೆರಳು, ಗುಳಿಯನ್ನು ಪೂರ್ತಿ ಮುಚ್ಚಿತು. ಎತ್ತಿದಾಗ ಗೆರೆಗಳು ಹಾಗೆಯೇ ಇದ್ದವು. ಅವನು ಪಟ್ಟಿಯನ್ನು ಒತ್ತಿ ಕೊನೆಯವರೆಗೂ ಎಳೆದ. ಉಳಿದವನ್ನು ಎಳೆಯುವಾಗಿನ ಸದ್ದೇ ಬಂತು, ಬೇರೆ ಸದ್ದೇನೂ ಬರಲಿಲ್ಲ.

ಒಂದೊಂದಾಗಿ ಎಲ್ಲವನ್ನೂ ಹೆರೆದ. ಕೊನೆಗೆ ಫುಮಿಎಯ ಸ್ವಂತ ಸ್ಕೀ ಉಳಿಯಿತು. ಮಿತ್ಸುಕೊ ಬೇಡ ಎನ್ನುತ್ತಾಳೇನೋ ಎಂದು ಅವಳ ಮುಖ ನೋಡಿದ. ಅವಳು ಬಾಲವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅದನ್ನೂ ಹೆರೆದ.

ನೊಬುಎ ನೆಲ ಗುಡಿಸಿ ಊಟಕ್ಕೆ ಬಡಿಸಿದಳು. ಉಪ್ಪು ಸಾಲ್ಮನ್ ಮೀನು, ಅನ್ನ, ಆಲೂಗಡ್ಡೆ ಹಾಕಿದ ಮಿಸೊ ಸಾರು. ತೆತ್ಸುಜಿ ಬಟ್ಟಲಿಗೆ ಕೈ ಚಾಚಿದಾಗ ತೋಳಿನಿಂದ ಮೇಣದ ಸುರುಳಿಯೊಂದು ಬಿಡಿಸಿಕೊಂಡು ಸಾರಿನೊಳಗೆ ಬಿತ್ತು. ಬಿಸಿಗೆ ಕರಗಿ, ಸಣ್ಣ ಹೊಳೆಯುವ ಬೊಟ್ಟಾಗಿ ಮೇಲೆ ತೇಲಿತು.

"ತೆಗೀರಿ ಭಾವ, ಬೇರೆ ಹಾಕ್ತೀನಿ," ಎಂದಳು ನೊಬುಎ.

ಮಿತ್ಸುಕೊ ತಲೆ ತಗ್ಗಿಸಿದಳು. ತೆತ್ಸುಜಿ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಹೊರಗೆ ಹಿಮ ಎಲ್ಲೂ ಕಂಡಿರದಷ್ಟು ಜೋರಾಗಿ ಸುರಿಯುತ್ತಿತ್ತು. ಆದರೆ ಅದರ ಬಗ್ಗೆ ಅವನು ಒಂದು ಮಾತೂ ಆಡಲಿಲ್ಲ. ಸುಮ್ಮನೆ ಕುಡಿದ.