ಒತ್ತು, ಹಿಡಿ, ಬಿಡು

"ಆ ಕಾರಿಗೆ ಹಾರ ಹಾಕ್ಬೇಡ್ರೋ!" ಎಂದು ಲಕ್ಕಣ್ಣನ ಹೆಂಡತಿ ಸುಬ್ಬಮ್ಮ ಚಾಪೆಯಿಂದ ಏಳುವಷ್ಟರಲ್ಲಿ ಮುನೇಶ ಬಾನೆಟ್ಟಿಗೆ ಎರಡನೇ ಚೆಂಡುಹೂವಿನ ಹಾರವನ್ನೂ ಬಿಗಿದಾಗಿತ್ತು. ಗಾಜಿನ ಮುಂದೆ, ವೈಪರಿಗೆ ಒರಗಿಸಿ, ಲಕ್ಕಣ್ಣನ ಫೋಟೊ ಇಟ್ಟಿದ್ದರು. ಓಡಿಸುವವನಿಗೆ ದಾರಿ ಕಾಣದಿದ್ದರೂ ಪರವಾಗಿಲ್ಲ, ದಾರಿಯಲ್ಲಿರುವವರಿಗೆ ಲಕ್ಕಣ್ಣ ಕಾಣಬೇಕು ಎಂಬ ಏರ್ಪಾಡು. ಸ್ವತಃ ಲಕ್ಕಣ್ಣ ಮಾತ್ರ ಶಾಮಿಯಾನದ ಕೆಳಗೆ ಮೂಗಿಗೆ ಹತ್ತಿ ಇಡಿಸಿಕೊಂಡು, ಯಾವುದಕ್ಕೂ ತಲೆಹಾಕದೆ ಮಲಗಿದ್ದ.

ಕಾರು ಹೊರಡಬೇಕೆಂದು ತೀರ್ಮಾನಿಸಿದವನು ಲಕ್ಕಣ್ಣನ ತಮ್ಮ ಮುನಿಯಲ್ಲಪ್ಪ. ಮತ್ತಿಕೆರೆ ಹಳ್ಳಿಯಾಗಿದ್ದಾಗ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಕಾಲೇಜು ಹುಡುಗರ ಪಿ.ಜಿ. ಬೆಳೆಸಿದ್ದ ಬಿಲ್ಡರ್. ಮಾತಿನಲ್ಲೂ ಅಂತಸ್ತಿನ ಮೇಲೆ ಅಂತಸ್ತು ಏರಿಸುತ್ತಿದ್ದ. ಸುತ್ತ ಖಾಲಿ ಜಾಗ, ಅಂದರೆ ಸೆಟ್‌ಬ್ಯಾಕ್, ಬಿಡುವ ಅಭ್ಯಾಸ ಇರಲಿಲ್ಲ. ಇಪ್ಪತ್ತೇಳು ವರ್ಷ ಹಳೆಯ ಆ ಪುಟ್ಟ ಕೆಂಪು ಕಾರನ್ನು ನಿನ್ನೆಯವರೆಗೂ 'ಸೊಳ್ಳೆ ಡಬ್ಬ' ಎನ್ನುತ್ತಿದ್ದವನು ಇವತ್ತು ಬೆಳಿಗ್ಗೆಯಿಂದ 'ಅಣ್ಣನ ಪುಷ್ಪಕ ವಿಮಾನ' ಅನ್ನತೊಡಗಿದ್ದ. ಹೂವು ಸುತ್ತಿದ ಮೇಲೆ ಹೆಸರು ಹೊಂದಿಕೊಂಡಿತು ಕೂಡ.

"ಮುನಿಯಲ್ಲಪ್ಪಾ, ಆ ಕಾರ್ ಬೇಡ. ಬ್ರೇಕಲ್ಲಿ ಗಾಳಿ ಇದೆ," ಎಂದಳು ಸುಬ್ಬಮ್ಮ.

ಅವಳ ತೋಳು ಹಿಡಿದುಕೊಂಡಿದ್ದ ಗೋಪಾಲಮ್ಮ, ಲಕ್ಕಣ್ಣನ ಅಕ್ಕ, ತಟ್ಟನೆ ಕೈ ಬಿಟ್ಟಳು. "ಗಾಳಿನಾ? ನಂಗಾಗ್ಲೇ ಅನ್ನಿಸ್ತು. ಸಾವಿನ್ ಮನೆ ಅಲ್ವಾ, ಸೋಕಿರುತ್ತೆ. ಯಾರ್ರೋ ಅಲ್ಲಿ, ನಾಲ್ಕ್ ನಿಂಬೆಹಣ್ಣು ತನ್ನಿ!"

"ಆ ಗಾಳಿ ಅಲ್ಲ ಅಕ್ಕ. ಬ್ರೇಕ್ ಆಯಿಲ್ ಹೋಗೋ ಪೈಪಲ್ಲಿ ಗಾಳಿ ಸೇರ್ಕೊಂಡಿದೆ. ನಿನ್ನೆ ಚಕ್ರ ಬಿಚ್ಚಿದ್ರಲ್ಲ, ಗಾಳಿ ತೆಗೆಯೋ ಮುಂಚೆ…"

ಗೋಪಾಲಮ್ಮ ಅವಳ ತಲೆ ಸವರಿದಳು. "ನೀನ್ ಕೂತ್ಕೊ ಸುಬ್ಬಿ. ರಾತ್ರಿಯಿಂದ ಒಂದ್ ತೊಟ್ಟು ನೀರೂ ಕುಡ್ದಿಲ್ಲ ನೀನು."

ನಿಂಬೆಹಣ್ಣು ಬಂದವು. ನಾಲ್ಕು ಚಕ್ರಕ್ಕೆ ನಾಲ್ಕು.

"ಅತ್ತಿಗೆ, ಹೆಬ್ಬಾಳದ ಚಿತಾಗಾರದಲ್ಲಿ ಒಂದೂವರೆ ಸ್ಲಾಟು," ಎಂದ ಮುನಿಯಲ್ಲಪ್ಪ, ಒದ್ದೆ ಪಂಚೆಯಲ್ಲೇ ಕೈಗಡಿಯಾರ ನೋಡಿಕೊಳ್ಳುತ್ತ. ಮಕ್ಕಳಿಲ್ಲದ ಅಣ್ಣನಿಗೆ ಬೆಂಕಿಯ ಮಡಕೆ ಹಿಡಿಯಬೇಕಾದವನು ಅವನೇ. "ಇದ್ ತಪ್ಪಿದ್ರೆ ನಾಲ್ಕೂವರೆಗಂತೆ. ಈ ಊರಲ್ಲಿ ಸತ್ತೋನಿಗೂ ಟ್ರಾಫಿಕ್ಕೇ. ನೀವೂ ಅಕ್ಕನೂ ಕಾರಲ್ಲಿ ಬನ್ನಿ. ಹೆಂಗಸ್ರು ಬರ್ಬಾರ್ದು ಅನ್ನೋದೆಲ್ಲ ಹಳೇ ಕಾಲ, ಈಗ ಅಲ್ಲಿ ಪಾರ್ಕಿಂಗ್ ಇದೆ."

"ಮುನೇಶಂಗೆ ಒಂದ್ಸಲ ಬ್ರೇಕ್ ಒತ್ತಿ ನೋಡಕ್ ಹೇಳು. ಅಷ್ಟೇ ಸಾಕು."

ಮುನಿಯಲ್ಲಪ್ಪನ ಮಗ ಮುನೇಶ ದಿನವೂ ಓಡಿಸುತ್ತಿದ್ದುದು ಗೇರನ್ನು ತಾನೇ ಹಾಕಿಕೊಳ್ಳುವ ಎತ್ತರದ ಬಿಳಿ ಗಾಡಿ. ಅವನು ಮಂಡಿಯನ್ನು ಗದ್ದಕ್ಕೆ ತಾಗಿಸಿಕೊಂಡು ಕಾರಿನೊಳಗೆ ತೂರಿ ಪೆಡಲ್ ಒತ್ತಿದ. ಅದು ನೆಲ ಮುಟ್ಟಿತು. ಮತ್ತೆ ಒತ್ತಿದ, ಮತ್ತೆ ಮತ್ತೆ ಒತ್ತಿದ. ಐದನೇ ಸಲಕ್ಕೆ ಗಟ್ಟಿಯಾಗಿ ನಿಂತಿತು.

"ನೋಡಿ ದೊಡ್ಡಮ್ಮ, ಕಲ್ಲಿದ್ದಂಗಿದೆ. ಹಳೇ ಗಾಡಿ, ನಿದ್ದೆಯಿಂದ ಎದ್ದಾಗ ಹಿಂಗೇ."

"ಅದು ಹಂಗೇ ಕಣೋ ಮೋಸ ಮಾಡೋದು! ಈಗ ನಿಲ್ಲುತ್ತೆ. ಒಂದ್ ನಿಮಿಷ ಬಿಟ್ಟು ಒತ್ತು, ಪಾತಾಳಕ್ಕೆ ಹೋಗುತ್ತೆ."

ಒಂದು ನಿಮಿಷ ಬಿಡಲು ಯಾರ ಬಳಿಯೂ ಒಂದು ನಿಮಿಷ ಇರಲಿಲ್ಲ. ತಮಟೆ ಶುರುವಾಗಿತ್ತು.

*

ಲಕ್ಕಣ್ಣನಿಗೆ ಲಕ್ಕೂ ಇತ್ತು, ಅಣ್ಣತನವೂ ಇತ್ತು, ಆದರೆ ಎರಡೂ ಹೆಸರಿನಲ್ಲಿ ಮಾತ್ರ. ಮೂವತ್ತು ವರ್ಷ ಪಶುವೈದ್ಯ ಕಾಲೇಜಿನ ಸ್ಟೋರಿನಲ್ಲಿ ಹಸುಗಳ ಔಷಧಿ ಎಣಿಸಿ ನಿವೃತ್ತನಾದ. ಅವನು ಬದುಕಿನಲ್ಲಿ ತಾನೇ ಆರಿಸಿ ತಂದದ್ದು ಆ ಕಾರೊಂದನ್ನೇ, ಅದೂ ಇನ್ನೊಬ್ಬರು ಏಳು ವರ್ಷ ಓಡಿಸಿದ ಮೇಲೆ. ಹೆಬ್ಬಾಳದ ಫ್ಲೈಓವರ್ ಏರುವಾಗಲೇ ಅವನ ಕಾಲು ಇಳಿಯುವ ಯೋಚನೆಯಲ್ಲಿ ಬ್ರೇಕಿನ ಮೇಲಿರುತ್ತಿತ್ತು. ಹಿಂದಿನವರು ಹಾರ್ನ್ ಹೊಡೆದು ಬೈದು ಮುಂದೆ ಹೋದರೆ, "ಅವ್ರಿಗೆ ಅರ್ಜೆಂಟು, ನಮಗೆ ಬ್ರೇಕು," ಎನ್ನುತ್ತಿದ್ದ.

ಬ್ರೇಕಿನ ಕೆಲಸವನ್ನು ಅವನು ಯಾವ ಗ್ಯಾರೇಜಿಗೂ ಕೊಡಲಿಲ್ಲ. ವರ್ಷಕ್ಕೊಂದು ಸಲ, ಕೆಲವು ವರ್ಷ ಎರಡು ಸಲ, ಭಾನುವಾರ ಬೆಳಿಗ್ಗೆ ಚಕ್ರ ಬಿಚ್ಚುತ್ತಿದ್ದ. ಸವೆದ ಬ್ರೇಕ್ ಶೂ, ಆಯಿಲ್ ತಡೆಯಲಾಗದಂತೆ ಹರಿದ ರಬ್ಬರ್ ಕಪ್ಪುಗಳನ್ನು ಬದಲಿಸಿ ಮುಗಿಸಿದ ಮೇಲೆ ಪೈಪಿನಲ್ಲಿ ಸೇರಿಕೊಂಡ ಗಾಳಿ ತೆಗೆಯಬೇಕು. ಅದೊಂದು ಕೆಲಸಕ್ಕೆ ಇಬ್ಬರು ಬೇಕೇ ಬೇಕು. ಒಬ್ಬರು ಸೀಟಿನಲ್ಲಿ ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬರು ಚಕ್ರದ ಹಿಂದೆ ಮಲಗಿ, ಗಾಳಿ ಹೊರಬಿಡುವ ನಿಪ್ಪಲ್ ಎಂಬ ಸಣ್ಣ ತಿರುಪನ್ನು ಸಡಿಲಿಸಬೇಕು. ಸುಬ್ಬಮ್ಮನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಆದರೂ ಇಪ್ಪತ್ತು ವರ್ಷ ಸ್ಟೇರಿಂಗಿನ ಹಿಂದೆ ಕೂತವಳು ಅವಳು. ಸಾವಿರ ಸಲ ಬ್ರೇಕು ಒತ್ತಿ ಒಂದಡಿಯೂ ಮುಂದೆ ಹೋಗದ ಡ್ರೈವರ್.

"ಒತ್ತು," ಎಂದು ಕೆಳಗಿನಿಂದ ಕೂಗುತ್ತಿದ್ದ. "ಒತ್ತು. ಹಿಡಿ. ಹಿಡ್ಕೊಂಡಿರು… ಬಿಡು."

"ಏನ್ ಬಂತು?"

"ಗುಳ್ಳೆ ಬರ್ತಿದೆ."

"ಎಷ್ಟ್ ದೊಡ್ಡದು?"

"ಸಾಸಿವೆಯಷ್ಟು. ಒತ್ತೇ, ಮಾತಾಡ್ಬೇಡ."

"ನಾನೂ ಒಂದ್ಸಲ ನೋಡ್ತೀನಿ ಕಣ್ರೀ."

"ನೀನ್ ಕಾಲು ತೆಗೆದ್ರೆ ಬಂದಿರೋ ಗಾಳಿ ವಾಪಸ್ ಹೋಗುತ್ತೆ. ಕೂತ್ಕೊ ಸುಮ್ನೆ."

ನಾಲ್ಕು ದಿನದ ಕೆಳಗೆ ಹಿಂದಿನ ಬಲಚಕ್ರದಲ್ಲಿ ಆಯಿಲ್ ಜಿನುಗುವುದು ಕಂಡಿತು. ನಿನ್ನೆ ಬೆಳಿಗ್ಗೆ ಯಶವಂತಪುರಕ್ಕೆ ಹೋಗಿ ಮುಜಫ್ಫರನ ಸ್ಪೇರ್ ಪಾರ್ಟ್ಸ್ ಅಂಗಡಿಯಿಂದ ರಬ್ಬರ್ ಕಪ್ಪು ತಂದ. ಮುಜಫ್ಫರ್ ಎರಡು ದಿನ ಹುಡುಕಿಸಿ ಇಟ್ಟಿದ್ದ. ಆ ಮಾಡೆಲ್ಲಿನ ಸಾಮಾನು ಈಗ ಸುಲಭಕ್ಕೆ ಸಿಗುವುದಿಲ್ಲ. ಲಕ್ಕಣ್ಣ ಕಪ್ಪು ಹಾಕಿ, ಚಕ್ರ ಕೂರಿಸಿ, ನಟ್ಟು ಬಿಗಿದು, ಜಾಕ್ ಇಳಿಸಿ ಒಳಗೆ ಬಂದ. "ಕಾಫಿ ಕೊಡು. ಕುಡಿದ್ಮೇಲೆ ನೀನ್ ಬಂದು ಒತ್ತುವಿಯಂತೆ," ಎಂದು ಕುರ್ಚಿಯಲ್ಲಿ ಕೂತ.

ಸುಬ್ಬಮ್ಮ ಕಾಫಿ ತರುವಷ್ಟರಲ್ಲಿ ಅವನ ತಲೆ ಭುಜದ ಮೇಲೆ ವಾಲಿತ್ತು. ಹೊರಗೆ ಕಾರು ನಾಲ್ಕೂ ಚಕ್ರದ ಮೇಲೆ ನಿಂತು, ನೋಡಿದವರಿಗೆಲ್ಲ ಸರಿಯಾಗಿಯೇ ಕಾಣುತ್ತಿತ್ತು.

*

ತಡೆಯಲಾಗದ ಮೇಲೆ ಸುಬ್ಬಮ್ಮ ಒಂದು ನಿರ್ಧಾರಕ್ಕೆ ಬಂದಳು. ಹಿಂದಿನ ಸೀಟಿಗೆ ಕರೆದವರನ್ನು ಬದಿಗೆ ಸರಿಸಿ ಮುಂದಿನ ಸೀಟಿನಲ್ಲಿ ಕೂತು, ಬಲಗೈಯನ್ನು ಹ್ಯಾಂಡ್‌ಬ್ರೇಕಿನ ಮೇಲಿಟ್ಟಳು. ಮೊಣಕೈವರೆಗೆ ತೊಡಿಸಿದ್ದ ಹಸಿರು ಬಳೆ ಅದಕ್ಕೆ ತಾಗಿ ಸದ್ದಾಯಿತು. ಹ್ಯಾಂಡ್‌ಬ್ರೇಕು ತಂತಿಯ ಮೇಲೆ ನಡೆಯುವುದು, ಅದಕ್ಕೆ ಆಯಿಲ್ಲಿನ ಹಂಗಿಲ್ಲ ಎಂದು ಅವಳಿಗೆ ಗೊತ್ತಿತ್ತು. ಕಾರಿನಲ್ಲಿದ್ದ ಇನ್ಯಾರಿಗೂ ಗೊತ್ತಿರಲಿಲ್ಲ.

"ಅದ್ಯಾಕೆ ಆ ಕೋಲ್ ಹಿಡ್ಕೊಂಡಿದ್ದೀಯ? ಕೈ ಮುಗ್ಕೊಂಡ್ ಕೂತ್ಕೊ," ಎಂದಳು ಹಿಂದಿನಿಂದ ಗೋಪಾಲಮ್ಮ.

"ಸದ್ಯಕ್ಕೆ ಇದೇ ದೇವ್ರು ಅಕ್ಕ."

"ದೊಡ್ಡಮ್ಮ, ನಾನಿದ್ದೀನಲ್ಲ, ಯಾಕ್ ಟೆನ್ಷನ್?" ಎಂದ ಮುನೇಶ. ಅವನ ಹಣೆಯಲ್ಲಿ ಆಗಲೇ ಬೆವರು. ಕ್ಲಚ್ ಎಂಬುದನ್ನು ಅವನ ಎಡಗಾಲು ಎಷ್ಟೋ ವರ್ಷಗಳ ಹಿಂದೆ ಮರೆತಿತ್ತು.

ನಾಲ್ಕು ನಿಂಬೆಹಣ್ಣುಗಳು ಪಚಕ್ಕೆಂದವು. ಗಲ್ಲಿ ಮೊದಲು ಮಟ್ಟಸವಾಗಿತ್ತು. ಎಲ್ಲರ ಮುಂದೆ ಮಡಕೆ ಹಿಡಿದ ಮುನಿಯಲ್ಲಪ್ಪ, ಅವನ ಹಿಂದೆ ತಮಟೆ, ಆಮೇಲೆ ನಾಲ್ವರ ಹೆಗಲ ಮೇಲೆ ಲಕ್ಕಣ್ಣ, ಅದರ ಹಿಂದೆ ಹತ್ತು ಮಾರು ಬಿಟ್ಟು ಕಾರು. ಕಾರಿನ ಹಿಂದೆ ನೆಂಟರ ಗಾಡಿಗಳು. ಶವ ಸಾಗಿಸುವ ವ್ಯಾನು ಗಲ್ಲಿಯ ಕೊನೆಗೆ, ಬಸ್ಸು ಓಡಾಡುವ ರಸ್ತೆಯಲ್ಲಿ ಕಾಯುತ್ತಿತ್ತು.

ಹಾಲಿನ ಬೂತ್ ದಾಟಿದರೆ ಇಳಿಜಾರು.

"ಈಗಿಂದಲೇ ಒತ್ತು," ಎಂದಳು ಸುಬ್ಬಮ್ಮ.

"ಇನ್ನೂ ದೂರ ಇದೆ ದೊಡ್ಡಮ್ಮ."

"ನಿಮ್ ದೊಡ್ಡಪ್ಪ ಇಲ್ಲಿಂದ್ಲೇ ಒತ್ತೋರು. ಒತ್ತೋ!"

ಹತ್ತು ಮಾರು ಆರಾಯಿತು. ಹೆಣ ಹೊತ್ತವರಲ್ಲಿ ಹಿಂದಿನ ಇಬ್ಬರು ಹೆಗಲು ಬದಲಿಸಲು ನಿಂತರು. ಮುನೇಶ ಬ್ರೇಕು ಒತ್ತಿದ. ಆಗ ಕಲ್ಲಾಗಿದ್ದದ್ದು ಈಗ ಬೆಣ್ಣೆಯಾಗಿತ್ತು. ಕಾಲು ನೆಲಕ್ಕೆ ಹೋಗಿ ಕೂತಿತು, ಕಾರು ಕೂರಲಿಲ್ಲ. ಅವನು ಒಂದು ಸಲ ಒತ್ತಿದ, ಎರಡು ಸಲ ಒತ್ತಿದ. ಗಾಜಿನಲ್ಲಿ ದೊಡ್ಡಪ್ಪನ ಫೋಟೊದ ಬೆನ್ನು ಮಾತ್ರ ಕಾಣುತ್ತಿತ್ತು. ಅದರ ಆ ಕಡೆ ಈ ಕಡೆ ಹೆಣ ಹೊತ್ತವರ ಬರಿಗಾಲ ಹಿಮ್ಮಡಿಗಳು.

"ದೊಡ್ಡಮ್ಮಾ…"

ಸುಬ್ಬಮ್ಮ ಎರಡೂ ಕೈಯಲ್ಲಿ ಹಿಡಿದು ಎಳೆದಳು. ಕಾರು ಕಿರುಚಿತು, ಹಿಂದಿನ ಸೀಟು ಅದಕ್ಕಿಂತ ಜೋರಾಗಿ ಕಿರುಚಿತು. ಫೋಟೊ ಬಾನೆಟ್ಟಿನ ಮೇಲಿಂದ ಜಾರಿ ಬಿತ್ತು. ಚಟ್ಟದ ಬಿದಿರಿನ ತುದಿ ಚೆಂಡುಹೂವಿನ ಹಾರದೊಳಗೆ ಹೊಕ್ಕು ನಿಂತಿತ್ತು.

ತಮಟೆ ನಿಂತಿತು. ಬಳೆ ಚೂರಾಗಿ ಸುಬ್ಬಮ್ಮನ ಮುಂಗೈಯಲ್ಲಿ ರಕ್ತ ಬರುತ್ತಿತ್ತು.

*

"ತಳ್ರೋ ಅದನ್ನ! ಸೈಡಿಗೆ ತಳ್ರೋ!" ಮುನಿಯಲ್ಲಪ್ಪ ಮಡಕೆ ಹಿಡಿದೇ ಓಡಿ ಬಂದ.

"ಸೈಡು ಎಲ್ಲಿದೆ ಅಪ್ಪಾ?" ಎಂದ ಮುನೇಶ. ಎರಡೂ ಕಡೆ ಮುನಿಯಲ್ಲಪ್ಪನೇ ಕಟ್ಟಿದ ಪಿ.ಜಿ.ಗಳು ಚರಂಡಿಯ ಮೇಲೆ ಕಾಲಿಟ್ಟು ನಿಂತಿದ್ದವು. ಹಿಂದೆ ಹೋಗಲು ನೆಂಟರ ಆರು ಗಾಡಿ ಅಡ್ಡ. ಮುಂದೆ ಇಳಿಜಾರು, ಅದರ ತುದಿಯಲ್ಲಿ ಬಸ್ಸುಗಳು.

ಜನರ ನಡುವಿನಿಂದ ಮುಜಫ್ಫರ್ ಕುಂಟುತ್ತ ಬಂದ. ಯಶವಂತಪುರದಿಂದ ಸ್ಕೂಟರಿನಲ್ಲಿ ಬಂದು, ಹೂವಿನ ಹಾರ ಕೈಯಲ್ಲೇ ಇಟ್ಟುಕೊಂಡು ಹಿಂದೆ ನಿಂತಿದ್ದವನು. "ಅಕ್ಕ, ಕಪ್ ನಿನ್ನೆ ನಾನೇ ಕೊಟ್ಟಿದ್ದು. ಏರ್ ತೆಗೆದಿರ್ಲಿಲ್ವಾ ಅಣ್ಣ?"

"ಕಾಫಿ ಕುಡ್ದು ತೆಗೆಯೋಣ ಅಂದಿದ್ರು."

ಮುಜಫ್ಫರ್ ಹಾರವನ್ನು ಪಕ್ಕದವರ ಕೈಗೆ ಕೊಟ್ಟು ಅಂಗಿಯ ತೋಳು ಮಡಚಿದ. ಇಡೀ ದಿನದಲ್ಲಿ ಅವಳ ಮಾತು ಒಂದೇ ಸಲಕ್ಕೆ ಅರ್ಥವಾದದ್ದು ಅವನೊಬ್ಬನಿಗೇ.

"ಡಿಕ್ಕಿ ತೆಗೀರಿ. ಬಟ್ಟೆ ಚೀಲ ಇದೆ, ಅದ್ರಲ್ಲೇ ಎಲ್ಲಾ ಇದೆ," ಎಂದಳು ಸುಬ್ಬಮ್ಮ. "ಮುನೇಶ, ನೀನ್ ಸೀಟ್ ಬಿಟ್ ಏಳ್ಬೇಡ. ಮುಜಫ್ಫರ್ ಭಾಯ್, ಮುಂದೆ ಬಾನೆಟ್ ಎತ್ತಿ ಆಯಿಲ್ ಕಮ್ಮಿ ಆಗ್ದಂಗೆ ಸುರೀತಾ ಇರಿ. ಚಕ್ರದ ಹತ್ರ ನಾನಿರ್ತೀನಿ."

"ನೀವ್ಯಾಕೆ ಅಕ್ಕ, ಕೆಳಗೆ ನಾನ್ ಮಲಗ್ತೀನಿ."

"ಮಂಡಿ ಮಡಚಕ್ಕೆ ಬರಲ್ಲ ನಿಮ್ಗೆ. ಎತ್ತಕ್ಕೆ ಇನ್ನಿಬ್ರು ಬೇಕು."

"ಅತ್ತಿಗೆ," ಮುನಿಯಲ್ಲಪ್ಪನ ದನಿ ಸಣ್ಣದಾಯಿತು, "ಜನ ಏನಂತಾರೆ? ಹೆಣ ರಸ್ತೆಯಲ್ಲಿ ಇಟ್ಕೊಂಡು… ಸ್ಲಾಟು ಬೇರೆ…"

"ದಾರಿಯಲ್ಲಿ ಒಂದ್ಸಲ ಇಳಿಸಿ ತಿರುಗಿಸ್ಬೇಕು ತಾನೇ? ಇಲ್ಲೇ ಇಳಿಸು. ಅವ್ರು ಯಾವತ್ತೂ ಅರ್ಜೆಂಟ್ ಮಾಡಿದೋರಲ್ಲ. ನೀನ್ ಮಡಕೆ ಬೆಂಕಿ ಆರದಂಗೆ ನೋಡ್ಕೊ."

ಮುನಿಯಲ್ಲಪ್ಪ ಮಡಕೆಯೊಳಗೆ ಊದತೊಡಗಿದ.

ಮುಜಫ್ಫರ್ ಕಾರಿನ ಹಾರ ಬಿಚ್ಚಿ ಬಾನೆಟ್ ಎತ್ತಿದ. ಚಟ್ಟ ರಸ್ತೆಗೆ ಇಳಿದು ತಿರುಗಿತು. ಸುಬ್ಬಮ್ಮ ಹೊಸ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹಿಂದಿನ ಬಲಚಕ್ರದ ಪಕ್ಕ ಮಗ್ಗುಲಾದಳು. ನಿಪ್ಪಲ್ ಎಲ್ಲಿದೆ ಎಂದು ಅವಳು ಕಂಡಿರಲಿಲ್ಲ. ಬೆರಳಲ್ಲಿ ತಡಕಿ ಹುಡುಕಿದಳು. ತೆಳ್ಳನೆಯ ಪಾರದರ್ಶಕ ಟ್ಯೂಬನ್ನು ಅದಕ್ಕೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಬಾಟಲಿಗೆ ಬಿಟ್ಟು, ಸ್ಪ್ಯಾನರ್ ಕೂರಿಸಿದಳು.

"ಒತ್ತು," ಎಂದಳು. "ಒತ್ತು. ಒತ್ತು. ಹಿಡಿ."

ಸಡಿಲಿಸಿದಳು. ಟ್ಯೂಬಿನಲ್ಲಿ ಮೊದಲು ಬಂದದ್ದು ಬರೀ ನೊರೆ.

"ಕೆಳಗ್ ಹೋಯ್ತು ದೊಡ್ಡಮ್ಮ!"

"ಹಿಡ್ಕೊಂಡಿರು." ಬಿಗಿದಳು. "ಈಗ ಬಿಡು."

ನಾಲ್ಕನೇ ಸಲಕ್ಕೆ ನೊರೆ ಹೋಗಿ ಗುಳ್ಳೆಗಳು ಬಂದವು. ಸಾಸಿವೆಯಷ್ಟು ಅಂದಿದ್ದ. ಸುಳ್ಳು. ಕಡಲೆಬೇಳೆಯಷ್ಟು ದೊಡ್ಡವೂ ಇದ್ದವು, ಕಣ್ಣಿಗೆ ಕಾಣದಷ್ಟು ಸಣ್ಣವೂ ಇದ್ದವು. ಒಂದರ ಹಿಂದೊಂದು ಸಾಲಾಗಿ, ಬಿಸಿಲಿನಲ್ಲಿ ಹೊಳೆಯುತ್ತ ಹೋಗುತ್ತಿದ್ದವು. ಅವಳು ಕಣ್ಣು ಕಿರಿದು ಮಾಡಿ ನೋಡಿದಳು. ಇಷ್ಟು ಚೆನ್ನಾಗಿರುತ್ತೆ ಎಂದು ಅವನು ಒಂದು ದಿನವೂ ಹೇಳಿರಲಿಲ್ಲ.

ಮುಜಫ್ಫರ್ ಮುಂದಿನಿಂದ "ಆಯಿಲ್ ಇದೆ ಅಕ್ಕ, ನಡೀಲಿ," ಎನ್ನುತ್ತಿದ್ದ. ಒತ್ತು, ಹಿಡಿ, ಬಿಡು. ಹನ್ನೊಂದನೇ ಸಲ ಟ್ಯೂಬಿನಲ್ಲಿ ಒಂದೇ ಒಂದು ಗುಳ್ಳೆ ಬಂದು, ಅರ್ಧ ದಾರಿಯಲ್ಲಿ ನಿಂತು, ಯೋಚಿಸಿ, ಬಾಟಲಿಗೆ ಬಿತ್ತು. ಹನ್ನೆರಡನೇ ಸಲ ಬರೀ ಆಯಿಲ್.

ಅವಳು ನಿಪ್ಪಲ್ ಬಿಗಿದಳು.

"ದೊಡ್ಡಮ್ಮ, ಈಗ ಮೇಲೇ ನಿಂತಿದೆ. ಒಂದೇ ಸಲಕ್ಕೆ ಗಟ್ಟಿ!" ಮುನೇಶನ ದನಿಯಲ್ಲಿ ಅಳು ಬೆರೆತಿತ್ತು. "ಕಾಲು ತೆಗೀಲಾ?"

ಸ್ಪ್ಯಾನರ್ ತೆಗೆಯಲು ತಲೆಯನ್ನು ಇನ್ನಷ್ಟು ತಗ್ಗಿಸಿ ಕೆನ್ನೆಯನ್ನು ರಸ್ತೆಗೆ ತಾಗಿಸಿದವಳಿಗೆ ಕಾರಿನ ಹೊಟ್ಟೆಯ ಕೆಳಗಿನಿಂದ ಆ ಕಡೆಯ ತನಕ ಕಾಣುತ್ತಿತ್ತು. ಮುಂದಿನ ಎರಡು ಚಕ್ರಗಳ ನಡುವೆ, ಅವಳ ಕಣ್ಣಿನ ಮಟ್ಟದಲ್ಲೇ, ಚಟ್ಟದ ಮೇಲೆ ಅವನ ಎರಡು ಅಂಗಾಲುಗಳು. ಹೆಬ್ಬೆರಳುಗಳಿಗೆ ದಾರ ಬಿಗಿದಿತ್ತು. ಇಬ್ಬರು ಸೇರಿ ಸೀಗೆಪುಡಿ ಹಾಕಿ ತೊಳೆದರೂ ಎಡ ಹಿಮ್ಮಡಿಯ ಬಿರುಕಿನಲ್ಲಿ ನಿನ್ನೆಯ ಕಪ್ಪು ಆಯಿಲ್ ಹಾಗೇ ಉಳಿದಿತ್ತು.